ಮೊದಲು ಹೇಳುವವರು ಯಾರು?

"ಗಾಡಿ ನಿಲ್ಸಿ. ಇಲ್ಲಿಂದ ಮುಂದೆ ಹೋಗ್ಬೇಡಿ."

ರಸ್ತೆಗೆ ಅಡ್ಡವಾಗಿ ಕೈಚಾಚಿ ನಿಂತಿದ್ದ ಯುವಕನನ್ನು ಕಂಡು ಕಾವ್ಯಶ್ರೀಗೆ ಸಿಟ್ಟು ಬಂತು. ಸಿದ್ದಾಪುರದ ಪಿಯು ಕಾಲೇಜಿಗೆ ಅರ್ಥಶಾಸ್ತ್ರದ ಉಪನ್ಯಾಸಕಿಯಾಗಿ ಸೇರಿ ಇನ್ನೂ ವಾರವಾಗಿರಲಿಲ್ಲ. ಮೊದಲ ಗಂಟೆಯ ಪಾಠಕ್ಕೆ ಆಗಲೇ ತಡವಾಗಿತ್ತು.

"ಯಾಕೆ ಹೋಗ್ಬಾರ್ದು? ಇದೇನು ನಿಮ್ಮ ಮನೆ ರಸ್ತೆನಾ?"

ಅವನು ನೇರವಾಗಿ ಬಂದು ಅವಳ ಸ್ಕೂಟರಿನ ಕೀ ತಿರುಗಿಸಿ ಎಂಜಿನ್ ಆರಿಸಿದ. ಅವಳು ಬಾಯಿ ತೆರೆಯುವಷ್ಟರಲ್ಲಿ ತಿರುವಿನಾಚೆ ಬೇಲಿ ಮುರಿದ ಸದ್ದಾಯಿತು. ಒಂದು ದೊಡ್ಡ ಆನೆ, ಅದರ ಹಿಂದೆ ಮರಿ, ಮರಿಯ ಹಿಂದೆ ಇನ್ನೊಂದು... ಯಾವ ಅವಸರವೂ ಇಲ್ಲದೆ ರಸ್ತೆ ದಾಟಿ ಎದುರಿನ ಕಾಫಿ ತೋಟಕ್ಕೆ ಇಳಿದವು.

ತಾನು ಅವನ ತೋಳನ್ನು ಬಿಗಿಯಾಗಿ ಹಿಡಿದಿರುವುದು ಕಾವ್ಯಶ್ರೀಗೆ ಅರಿವಾದದ್ದು ಆಮೇಲೆ. ಚಟ್ಟನೆ ಬಿಟ್ಟಳು.

"ಬೆಳಿಗ್ಗೆಯಿಂದ ಇಲ್ಲೇ ಇದಾವೆ. ಎಲ್ರಿಗೂ ಗೊತ್ತಿತ್ತು," ಎಂದ ಅವನು. ಹೆಸರು ಮಿಲನ್. ಪಕ್ಕದ ಎಸ್ಟೇಟಿನ ರೈಟರ್. ಕೆಲಸದವರ ಹಾಜರಿ, ಕಾಫಿ ಹಣ್ಣು ಕೊಯ್ಯುವ ಪಿಕಿಂಗ್ ಎಲ್ಲ ಅವನದೇ ಉಸ್ತುವಾರಿ.

"ಗೊತ್ತಿದ್ರೆ ಯಾರೂ ಯಾಕೆ ಹೇಳ್ಲಿಲ್ಲ?"

"ಬೇರೆ ಯಾರಾದ್ರೂ ಹೇಳಿರ್ತಾರೆ ಅಂತ ಎಲ್ರೂ ಅಂದ್ಕೊಂಡಿರ್ತಾರೆ ಮೇಡಂ."

ಆ ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತು. ಅಂದು ತರಗತಿಯಲ್ಲಿ ಪಠ್ಯ ಬದಿಗಿಟ್ಟು ಗೇಮ್ ಥಿಯರಿ ಹೇಳಿದಳು. "ಎದುರಿನವರು ಏನು ಮಾಡಬಹುದು ಅಂತ ಲೆಕ್ಕ ಹಾಕಿ ನಾವು ನಡ್ಕೋತೀವಿ. ಅವರೂ ನಮ್ಮ ಬಗ್ಗೆ ಹಾಗೇ ಲೆಕ್ಕ ಹಾಕ್ತಾರೆ. ಎಲ್ಲರೂ ಜಾಣರೇ. ಆದ್ರೂ ಇವತ್ತು ನಾನು ಆನೆ ಕಾಲಿಗೆ ಸಿಗ್ತಿದ್ದೆ."

ಸಂಜೆ ಮಿಲನ್‌ನನ್ನು ಹುಡುಕಿಕೊಂಡು ಹೋದಳು. ಆನೆ ಬಂದರೆ ತಿಳಿಸಲು ಒಂದು ವಾಟ್ಸಾಪ್ ಗ್ರೂಪ್ ಮಾಡೋಣ ಎಂದಳು.

ಅವನು ನಕ್ಕ. "ನಾನಾಗ್ಲೇ ಮಾಡಿದೀನಿ. ಮಾಲೀಕರು, ಮ್ಯಾನೇಜರ್‌ಗಳು ಎಲ್ಲ ಇದಾರೆ. ಹಬ್ಬದ ಶುಭಾಶಯ ಬಿಟ್ಟು ಬೇರೇನೂ ಬರಲ್ಲ."

"ಊರಲ್ಲಿ ಒಬ್ಬರ ಹತ್ರ ಮಾತ್ರ ಫೋನ್ ಇದ್ರೆ ಅದರಿಂದ ಏನು ಉಪಯೋಗ? ಎಲ್ರ ಹತ್ರ ಇದ್ರೇನೇ ಅದಕ್ಕೆ ಬೆಲೆ. ಯಾರನ್ನ ನೋಡಿ ಉಳಿದವರೂ ಸೇರ್ತಾರೋ ಅವರನ್ನ ಮೊದ್ಲು ಹಿಡೀಬೇಕು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ತೋಟಕ್ಕೆ ಇಳಿಯೋದು ಯಾರು?"

ಮಿಲನ್ ಅವಳನ್ನೇ ನೋಡಿದ. "ಲೈನಿನ ಹೆಂಗಸರು. ಚೋಮಿ ಹೇಳಿದ್ರೆ ಇಡೀ ಲೈನ್ ಕೇಳುತ್ತೆ."

ಕೆಲಸದವರ ಸಾಲುಮನೆಗಳ ಮುಂದೆ ಚೋಮಿ ಸೌದೆ ಒಡೆಯುತ್ತಿದ್ದಳು. "ಬರೆಯಕ್ಕೆ ನಂಗೆ ಬರಲ್ಲ ಟೀಚರ್," ಎಂದಳು.

"ಬರೀಬೇಡಿ ಚೋಮಕ್ಕ. ಮಾತಾಡಿ."

ಮರುದಿನ ಬೆಳಕು ಹರಿಯುವ ಮುನ್ನ ಗ್ರೂಪಿಗೆ ಚೋಮಿಯ ದೊಡ್ಡ ದನಿ ಬಂತು. ಕೆರೆ ಹತ್ತಿರ ಎರಡಿವೆ, ಯಾರೂ ಆ ಕಡೆ ಬರಬೇಡಿ ಎಂದು. ಅವಳ ಹಿಂದೆಯೇ ಮಲಯಾಳಂ, ತಮಿಳು, ಕೊಡವ, ಉರ್ದು ದನಿಗಳು ಒಂದೊಂದಾಗಿ ಸೇರಿಕೊಂಡವು. ಮಳೆಗಾಲ ಮುಗಿಯುವ ಹೊತ್ತಿಗೆ ಆ ಗ್ರೂಪ್ ನೋಡದೆ ಯಾರೂ ಮನೆಯಿಂದ ಹೊರಡುತ್ತಿರಲಿಲ್ಲ.

ಕಾವ್ಯಶ್ರೀ ಒಂದು ನಿಯಮ ಮಾಡಿದ್ದಳು. ಆನೆ ಇಲ್ಲದಿದ್ದರೂ 'ಇಲ್ಲ' ಎಂದು ಹೇಳಲೇಬೇಕು. ಸುಮ್ಮನಿದ್ದರೆ ಯಾರಿಗೆ ಏನು ಅರ್ಥವಾಗುತ್ತದೆ?

ಹಾಗೆಂದವಳೇ ತನ್ನ ಮನಸ್ಸಿನ ವಿಷಯದಲ್ಲಿ ಸುಮ್ಮನಿದ್ದಳು.

ಬೆಳಿಗ್ಗೆ ಮಿಲನ್‌ನ ದನಿ ಕೇಳಿದರೆ ದಿನವಿಡೀ ಹಿತವಾಗಿರುತ್ತಿತ್ತು. ಒಂದೊಂದು ಸಂಜೆ ಕಾಲೇಜಿನ ಗೇಟಿನ ಬಳಿ ಅವನ ಜೀಪು ನಿಂತಿರುತ್ತಿತ್ತು. "ಈ ಕಡೆ ಕೆಲಸ ಇತ್ತು," ಎನ್ನುತ್ತಿದ್ದ. ಯಾವ ಕೆಲಸವೆಂದು ಅವಳು ಕೇಳಲಿಲ್ಲ, ಅವನು ಹೇಳಲೂ ಇಲ್ಲ. ಅವಳ ಸ್ಕೂಟರಿನ ಹಿಂದೆ ನಿಧಾನವಾಗಿ ಜೀಪು ಓಡಿಸುತ್ತಾ ಅವಳ ಬಾಡಿಗೆ ಕೋಣೆಯವರೆಗೂ ಬಂದು ಹಿಂತಿರುಗುತ್ತಿದ್ದ.

ದೀಪಾವಳಿಗೆ ಕುಶಾಲನಗರದ ಮನೆಗೆ ಹೋದಾಗ ಸೋದರಮಾವ ಒಂದು ಸಂಬಂಧ ತಂದಿದ್ದರು. ವಾಪಸು ಬಂದವಳು ಮಿಲನ್‌ಗೆ ಹೇಳಿದಳು. "ಅರಕಲಗೂಡಿನ ಕಡೆಯವರು. ಮನೇಲಿ ಎಲ್ರಿಗೂ ಒಪ್ಪಿಗೆ."

ಬೇಡ ಅನ್ನಿ. ಒಂದೇ ಒಂದು ಸಲ ಬೇಡ ಅನ್ನಿ ಮಿಲನ್...

ಅವನು ಜೀಪಿನ ಬೀಗದಕೈಯನ್ನೇ ನೋಡುತ್ತಾ ನಿಂತ. "ಒಳ್ಳೇದಾಯ್ತಲ್ಲ ಮೇಡಂ."

ನನಗೆ ಒಪ್ಪಿಗೆ ಇಲ್ಲ ಎಂದುಬಿಡಬಹುದಿತ್ತು. ಆದರೆ ಅವನ ಮನಸ್ಸಿನಲ್ಲಿ ಏನೂ ಇಲ್ಲದಿದ್ದರೆ? ಇರುವ ಸ್ನೇಹವೂ ಹೋಗುತ್ತದೆ. ಬಾಯಿ ಬಿಡದಿದ್ದರೆ ಅಷ್ಟಾದರೂ ಉಳಿಯುತ್ತದೆ. ಅವಳು ಲೆಕ್ಕ ಹಾಕಿದಳು, ಮುಗುಳ್ನಕ್ಕಳು, ಹೊರಟುಹೋದಳು.

ಆ ಸಂಬಂಧವನ್ನು ಅವಳು ಬೇಡವೆಂದಳು. ಅಮ್ಮ ಎರಡು ದಿನ ಮಾತು ಬಿಟ್ಟರು. ಮಿಲನ್‌ಗೆ ಮಾತ್ರ ತಿಳಿಸಲಿಲ್ಲ. 'ಒಳ್ಳೇದಾಯ್ತು' ಎಂದವನಿಗೆ ಯಾಕೆ ಹೇಳಬೇಕು?

ಒಂದು ಬೆಳಿಗ್ಗೆ ಫೋನ್ ತೆರೆದರೆ ಅವನು ಗ್ರೂಪ್ ಬಿಟ್ಟಿದ್ದ. ರೈಟರ್ ಕೆಲಸವನ್ನೂ ಬಿಟ್ಟು ಮೂರ್ನಾಡಿನ ಸ್ವಂತ ತೋಟಕ್ಕೆ ಹೋದನೆಂದು ಚೋಮಿ ಹೇಳಿದಳು. "ಒಂದು ಮಾತೂ ಹೇಳ್ದೆ ಹೋದ್ರು ಟೀಚರ್."

ಕಾವ್ಯಶ್ರೀ ತಲೆಯಾಡಿಸಿದಳು. ಗ್ರೂಪಿನಲ್ಲಿ ಬೆಳಿಗ್ಗೆ ಎಷ್ಟೊಂದು ದನಿಗಳು! ಎಲ್ಲವನ್ನೂ ಕೇಳುತ್ತಿದ್ದಳು, ಬೇಕಾದ ದನಿ ಇಲ್ಲವೆಂದು ಗೊತ್ತಿದ್ದರೂ. ಕಾಲೇಜಿನ ಗೇಟಿನ ಬಳಿ ಯಾವ ಜೀಪಿನ ಸದ್ದಾದರೂ ಪಾಠ ಅರ್ಧಕ್ಕೆ ನಿಲ್ಲುತ್ತಿತ್ತು. ಅವನ ನಂಬರ್ ತೆಗೆದು ನೋಡುವುದು, ಮತ್ತೆ ಫೋನ್ ಮಗುಚಿ ಇಡುವುದು... ಪಿಕಿಂಗ್ ಕಾಲ ಹೀಗೆಯೇ ಕಳೆಯುತ್ತಾ ಬಂತು.

ಒಂದು ಶುಕ್ರವಾರ ವಿರಾಜಪೇಟೆಯ ಬಟ್ಟೆ ಅಂಗಡಿಯಲ್ಲಿ ಯಾರೋ ಭುಜ ಮುಟ್ಟಿದರು. ಮಿಲನ್‌ನ ತಾಯಿ ಪೊನ್ನಮ್ಮ. ಹಿಂದೊಮ್ಮೆ ಎಸ್ಟೇಟಿಗೆ ಬಂದಾಗ ಪರಿಚಯವಾಗಿದ್ದರು.

"ಮದುವೆ ಸೀರೆಗೆ ಬಂದದ್ದಾ ಮಗಳೇ?"

"ಯಾವ ಮದುವೆ ಅಮ್ಮಾ?"

"ನಿಂದೇ. ನಿಂಗೆ ಮದುವೆ ನಿಶ್ಚಯ ಆಗಿದೆ ಅಂತ ಮಿಲನ್ ಹೇಳಿದ." ಪೊನ್ನಮ್ಮ ಅವಳ ಮುಖವನ್ನೇ ನೋಡಿದರು. "ನಾವು ಭಾನುವಾರ ಮಡಿಕೇರಿಗೆ ಹೆಣ್ಣು ನೋಡ್ಲಿಕ್ಕೆ ಹೊರಟಿದ್ದೇವೆ. ಅವ ಹೂಂ ಅನ್ನಲ್ಲ, ಊಹೂಂ ಅನ್ನಲ್ಲ."

ಕಾವ್ಯಶ್ರೀಗೆ ಅಂಗಡಿಯ ಗದ್ದಲವೆಲ್ಲ ದೂರ ಸರಿದಂತಾಯಿತು. ಅವನು ನಂಬಿಬಿಟ್ಟಿದ್ದ. ಆದರೆ ನಂಬಿದ್ದಕ್ಕೆ ನೋವಾಗಿತ್ತೋ ಇಲ್ಲವೋ, ಅದು ಅವನಿಗೆ ಮಾತ್ರ ಗೊತ್ತು. ಕೇಳದೆ ತಿಳಿಯುವ ದಾರಿಯಿರಲಿಲ್ಲ.

ಶನಿವಾರ ಬೆಳಿಗ್ಗೆ ಅವಳು ಮೂರ್ನಾಡಿನಲ್ಲಿ ಬಸ್ಸಿಳಿದಳು.

ಮಿಲನ್ ಮನೆಯ ಮುಂದಿನ ಕಣದಲ್ಲಿ ಕಾಫಿ ಹಣ್ಣು ಹರಡುತ್ತಿದ್ದ. ಅವಳನ್ನು ಕಂಡು ಅವನ ಕೈ ನಿಂತಿತು. ಸೊರಗಿದ್ದ, ಗಡ್ಡ ಬಿಟ್ಟಿದ್ದ.

"ಮೇಡಂ... ನೀವು?"

"ಮದುವೆ ನಿಶ್ಚಯ ಆಗಿಲ್ಲ. ನಾನು ಒಪ್ಪಲೇ ಇಲ್ಲ." ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಮರೆತುಹೋಗಿದ್ದವು. "ನೀವು ಬೇಡ ಅಂತೀರಿ ಅಂತ ಅವತ್ತು ಹೇಳಿದ್ದು. ನಿಮ್ಮನ್ನ ಬಿಟ್ಟು ಬೇರೆಯವರನ್ನ ನನಗೆ ಯೋಚ್ನೆ ಮಾಡೋಕೂ ಆಗ್ತಿಲ್ಲ ಮಿಲನ್. ನಿಮಗೆ ಹಾಗೇನೂ ಇಲ್ಲ ಅಂದ್ರೆ ಹೇಳಿ. ನಾನು ಹೋಗ್ತೀನಿ."

ಅವನು ಕಣದ ಹಣ್ಣುಗಳನ್ನೇ ನೋಡುತ್ತಾ ನಿಂತ. ಅವಳ ಕಣ್ಣು ಮಂಜಾಯಿತು. ಸೆರಗು ಸರಿಪಡಿಸಿಕೊಂಡು ತಿರುಗಿದಳು.

"ನಿಲ್ಲಿ." ಅವನು ಕಣ ದಾಟಿ ಅವಳೆದುರು ಬಂದ. "ನಾನು ಬೇಡ ಅಂದ್ರೆ, ಅದನ್ನ ಹೇಳೋಕೆ ನೀನ್ಯಾರು ಅಂತ ಕೇಳ್ತೀರಿ ಅನ್ಕೊಂಡೆ. ದಿನಾ ಬೆಳಿಗ್ಗೆ ನಿಮ್ಮ ದನಿ ಕೇಳಿ, ಈ ದನಿ ಇನ್ನು ಬೇರೆ ಮನೆಗೆ ಹೋಗುತ್ತೆ ಅಂತ... ತಡೆಯೋಕಾಗ್ಲಿಲ್ಲ. ಅದಕ್ಕೇ ಗ್ರೂಪ್ ಬಿಟ್ಟೆ, ಊರೂ ಬಿಟ್ಟೆ."

"ಒಂದು ಸಲ ಕೇಳ್ಬಾರ್ದಿತ್ತಾ?"

"ಧೈರ್ಯ ಬರ್ಲಿಲ್ಲ."

ಅವಳ ಕೆನ್ನೆಯ ಮೇಲೆ ನೀರಿಳಿಯಿತು. ಒರೆಸಲು ಕೈಯೆತ್ತಿದ ಅವನು, ಅಂಗೈಗೆ ಅಂಟಿದ ಕಾಫಿ ಸಿಪ್ಪೆ ನೋಡಿ ತಡೆದ. ಅವಳೇ ಆ ಕೈಯನ್ನು ಹಿಡಿದುಕೊಂಡಳು.

ಜಗಲಿಯಲ್ಲಿ ನಿಂತಿದ್ದ ಪೊನ್ನಮ್ಮನವರ ಕಡೆಗೆ ತಿರುಗಿ ಮಿಲನ್ ಕೂಗಿ ಹೇಳಿದ. "ಅವ್ವಾ, ನಾಳೆ ಮಡಿಕೇರಿಗೆ ಹೋಗುದು ಬೇಡ."

"ನಂಗೆ ನಿನ್ನೆಯೇ ಗೊತ್ತಾಗಿತ್ತು," ಎಂದು ಅವರು ಒಳಗೆ ಕಾಫಿ ಇಡಲು ಹೋದರು.

ಕಾವ್ಯಶ್ರೀ ತಲೆ ತಗ್ಗಿಸಿದಳು. ಹಿಡಿದ ಕೈ ಮಾತ್ರ ಬಿಡಲಿಲ್ಲ.

"ಒಬ್ರೇ ಬಂದ್ರಲ್ಲ, ಭಯ ಆಗ್ಲಿಲ್ವಾ ಮೇಡಂ?" ಅವನು ಮೆಲ್ಲಗೆ ಕೇಳಿದ.

"ತುಂಬಾ ಆಯ್ತು. ಅರ್ಧ ದಾರೀಲೇ ಇಳಿದು ವಾಪಸ್ ಹೋಗೋಣ ಅನ್ಸಿತ್ತು." ಒಂದು ಕ್ಷಣ ತಡೆದು ಸೇರಿಸಿದಳು. "ಇನ್ನಾದ್ರೂ ಮೇಡಂ ಅನ್ಬೇಡಿ."

"ಮತ್ತೇನು ಅನ್ಲಿ?"

"ನಿಮಗೆ ಏನು ಅನ್ಸುತ್ತೋ ಅದನ್ನ."

"ಕಾವ್ಯಾ..." ಎಂದ ಅವನು, ತುಂಬಾ ದಿನದಿಂದ ಒಳಗೊಳಗೇ ಕರೆದು ರೂಢಿಯಾದವನ ಹಾಗೆ.