ಮಗು ಇಲ್ಲದ ಮನೆಯ ಬಾಣಂತಿ ಖಾರ

"ಯಾರ್ಗ್ರೀ ಹೆರಿಗೆ ಆಗಿರೋದು?"

ಮಲ್ಲೇಶ್ ಕೇಳಿದ್ದು ಇಷ್ಟೇ. ಅಂಗಡಿ ಮುಂದೆ ನಿಂತಿದ್ದ ಅಷ್ಟೂ ಜನ ತಿರುಗಿ ಶಿವಗಂಗಾ ಮುಖ ನೋಡಿದ್ರು.

ಹೊಸದುರ್ಗ ಪೇಟೇಲಿ ಶಿವಕುಮಾರಪ್ಪನ ಗ್ರಂಧಿಗೆ ಅಂಗಡಿ ಗೊತ್ತಿಲ್ದೋರು ಕಮ್ಮಿ. ಪೂಜೆಗೆ ಬೇಕಾಗಿದ್ದು, ಮದ್ದಿಗೆ ಬೇಕಾಗಿದ್ದು, ಎಲ್ಲಾ ಸಿಗತ್ತೆ. ಅವತ್ತು ಅಪ್ಪ ಊರಲ್ಲಿರ್ಲಿಲ್ಲ ಅಂತ ಮಗ ಮಲ್ಲೇಶ್ ಗಲ್ಲಾದಲ್ಲಿ ಕೂತಿದ್ದ.

ಎದುರಿಗಿರೋ ಹುಡುಗಿ ಭುಜದಲ್ಲಿ ಕಾಲೇಜ್ ಬ್ಯಾಗು. ಕೇಳ್ತಿರೋದು ಮಾತ್ರ ಅಂಟು, ಉತ್ತತ್ತಿ, ಒಣಶುಂಠಿ, ಹಿಪ್ಪಲಿ, ಅಳ್ವಿ, ಸಾಂಬ್ರಾಣಿ... ಪೂರ್ತಿ ಬಾಣಂತಿ ಸಾಮಾನು.

"ಅಕ್ಕಂಗೆ," ಅಂದ್ಲು ಮೆಲ್ಲಗೆ.

"ಗಂಡೋ ಹೆಣ್ಣೋ?"

ಅವಳು ಬ್ಯಾಗಿನ ಪಟ್ಟಿ ಸರಿ ಮಾಡ್ಕೊಂಡ್ಲು. "ಹೆಣ್ಣು."

"ಮಹಾಲಕ್ಷ್ಮಿ ಬಂದವ್ಳೆ ಅನ್ರಿ. ಹಂಗಾದ್ರೆ ಬೆಲ್ಲ ಇನ್ನೊಂದಿಷ್ಟು ತಗೊಂಡೋಗ್ರಿ, ನಮಗೂ ಒಂದು ಉಂಡೆ ಬರ್ಲಿ."

ಬೇರೆ ಯಾರಾದ್ರೂ ಆಗಿದ್ರೆ ನಗ್ತಿದ್ರು. ಇವಳ ಕಣ್ಣು ತುಂಬ್ಕೊಂತು.

ಆಗ್ಲೇ ಅವನ ಕಣ್ಣಿಗೆ ಬಿದ್ದಿದ್ದು... ಅವಳ ಕಿವೀಲಿ ಹತ್ತಿ. ಥಂಡಿ ಗಾಳಿ ಹೋಗ್ಬಾರ್ದು ಅಂತ ಬಾಣಂತೀರು ಇಟ್ಕೊಳೋ ಥರದ ಹತ್ತಿ ಉಂಡೆ.

"ರೀ... ಕಿವೀಲಿ..."

ಅವಳು ಗಾಬ್ರಿಯಾಗಿ ಹತ್ತಿ ಕಿತ್ತು ಮುಷ್ಟೀಲಿ ಮುಚ್ಕೊಂಡು, ಪೊಟ್ಟಣ ಎತ್ಕೊಂಡು ಹೊರಟೇಬಿಟ್ಲು. ಅವಳು ನಿಂತಿದ್ದ ಜಾಗದಲ್ಲಿ ಸಾಂಬ್ರಾಣಿ ವಾಸನೆ ಇನ್ನೂ ಇತ್ತು. ಅವನು ಕಟ್ಟಿಕೊಟ್ಟ ಪೊಟ್ಟಣದ್ದಲ್ಲ... ಅವಳ ಕೂದಲಿಂದು.

*

ಶಿವಗಂಗಾ ತನ್ನೂರು ಮತ್ತೋಡಲ್ಲಿ ಬಸ್ ಇಳ್ದು ಮನೆ ಬಾಗಿಲಿಗೆ ಬರೋ ಹೊತ್ತಿಗೆ ಸರ್ವಮಂಗಳಜ್ಜಿ ಹೊಸ್ತಿಲಲ್ಲೇ ನಿಂತಿದ್ರು.

"ಯಶೋಧಾ, ಹಸಿ ಬಾಣಂತಿ ಹಿಂಗೆ ಬಿಸ್ಲಲ್ಲಿ ತಿರುಗ್ತಾರೇನೇ? ತಲೆಗೆ ಬಟ್ಟೇನೂ ಇಲ್ಲ. ಒಳಗ್ ಬಾ. ಮೆತ್ತಗೆ ಮಾತಾಡು, ಮಗು ಈಗ ಮಲಗೈತೆ."

ಶಿವಗಂಗಾ ಚಪ್ಪಲಿ ಬಿಟ್ಟು ಒಳಗೆ ಹೋದ್ಲು.

ಯಶೋಧಾ ಅವಳ ಹೆಸರಲ್ಲ. ಅವಳ ಅಮ್ಮನ ಹೆಸರು.

ಚಿತ್ರದುರ್ಗದ ಆಸ್ಪತ್ರೇಲಿ ಶಿವಗಂಗಾನ ಹೆತ್ತು, ಮಾರನೇ ದಿನವೇ ಯಶೋಧಾ ಹೋಗ್ಬಿಟ್ಟಿದ್ಲು. ರಕ್ತ ನಿಲ್ಲಲಿಲ್ಲ. ಅಜ್ಜಿ ಮಗಳಿಗೆ ಅಂತ ಮೊದಲ ಬಾಣಂತಿ ಊಟ ಮಾಡ್ಕೊಂಡು, ಟಿಫನ್ ಕ್ಯಾರಿಯರ್ ತೊಡೆ ಮೇಲಿಟ್ಕೊಂಡು ಬಸ್ಸಲ್ಲಿ ಹೋಗಿದ್ರು. ಆಸ್ಪತ್ರೆ ಮುಟ್ಟೋ ಹೊತ್ತಿಗೆ ಉಣ್ಣೋಳೇ ಇರ್ಲಿಲ್ಲ. ಒಂದು ಕೈಲಿ ಮಗು, ಇನ್ನೊಂದು ಕೈಲಿ ತುಂಬಿದ ಕ್ಯಾರಿಯರ್... ಹಂಗೇ ವಾಪಸ್ ಬಂದ್ರು. ಅಪ್ಪ ಅನ್ನಿಸ್ಕೊಂಡೋನು ಹೆಣ್ಣು ಮಗು ಅಂತ ಮುಖ ನೋಡೋಕೂ ಬರ್ಲಿಲ್ಲ, ಬೇರೆ ಮದುವೆ ಆದ.

ಸುತ್ತಮುತ್ಲ ಊರಲ್ಲಿ ಯಾರ್ ಹೆತ್ರೂ ಬಾಣಂತನಕ್ಕೆ ಸರ್ವಮಂಗಳಜ್ಜೀನೇ ಬೇಕಿತ್ತು. ಎಷ್ಟೋ ಹೆಣ್ಮಕ್ಕಳನ್ನ ಎಬ್ಬಿಸಿ ನಿಲ್ಸಿದ ಕೈ ಅದು. ಸ್ವಂತ ಮಗಳಿಗೆ ಮಾತ್ರ ಒಂದು ತುತ್ತು ಇಕ್ಕೋಕಾಗಿರ್ಲಿಲ್ಲ.

ಈಗ ವಯಸ್ಸಾಗಿ ಮರೆವು ಬಂದಿತ್ತು. ಎಲ್ಲಾ ಮರೆತ ಅಜ್ಜಿಗೆ ಆ ಬಾಣಂತನ ಒಂದು ಮಾತ್ರ ಉಳ್ಕೊಂಡಿತ್ತು. ಮಗಳು ಆಸ್ಪತ್ರೆಯಿಂದ ಬಂದವ್ಳೆ. ಮಗು ತೊಟ್ಲಲ್ಲೈತೆ.

"ಬಾಣಂತಿ ಖಾರಕ್ಕೆ ಮೆಣಸು ಚಟಪಟ ಅನ್ನೋವರ್ಗೂ ಹುರಿ. ನುಣ್ಣಗೆ ಕುಟ್ಬೇಡ, ತರಿ ಇರ್ಲಿ. ಬೆಳ್ಳುಳ್ಳಿ ತುಪ್ಪದಲ್ಲಿ ಕೆಂಪಗಾದ್ಮೇಲೇ ಸಾರಿಗೆ ಹಾಕು. ಕಲ್ತ್ಕ. ನಾಳೆ ನಿನ್ ಮಗಳಿಗೆ ನೀನೇ ಮಾಡ್ಬೇಕು."

ಆ ಮಗಳು ನಾನೇ ಕಣಜ್ಜಿ... ಶಿವಗಂಗಾ ಮನಸ್ಸಲ್ಲೇ ಅಂದ್ಕೊಂಡು ತಲೆಗೆ ಬಟ್ಟೆ ಕಟ್ಕೊಂಡ್ಲು. ಬಿಸಿ ಅನ್ನ, ಮೆಣಸಿನ ಸಾರು, ಮೇಲೆ ತುಪ್ಪ. ಅವಳು ಉಂಡು ಕೈ ತೊಳ್ದ ಮೇಲೇನೇ ಅಜ್ಜಿ ತಟ್ಟೆ ಮುಂದೆ ಕೂರ್ತಿದ್ರು. ಬಾಣಂತಿ ಉಣ್ಣದೆ ಅಜ್ಜಿ ಉಣ್ಣಲ್ಲ. ಒಂದು ಸಲನೂ ಇಲ್ಲ.

ಅಮ್ಮ ಉಣ್ಬೇಕಾಗಿದ್ದ ಊಟನ ಮಗಳು ದಿನಾ ಉಣ್ತಿದ್ಲು.

*

ಅಂಗಡಿಗೆ ಹೋಗೋದು ತಪ್ತಿರ್ಲಿಲ್ಲ. ಹೋದಾಗೆಲ್ಲ ಮಲ್ಲೇಶ್ ಒಳ್ಳೇ ಅಂಟು ಆರ್ಸಿ ಪಕ್ಕಕ್ಕಿಟ್ಟಿರ್ತಿದ್ದ. ರೀ ಹೋಗಿ ನೀನು ಆಯ್ತು. ಮಾತು ಅಂಗಡಿಯಿಂದ ಬಸ್ ಸ್ಟ್ಯಾಂಡ್ ತನಕ ಬಂತು.

"ನಿಮ್ಮಕ್ಕನ ಬಾಣಂತನ ಮುಗಿಯೋದೇ ಇಲ್ವಾ? ಆ ಮಗು ಸ್ಕೂಲಿಗೆ ಸೇರೋ ಟೈಮ್ ಆಯ್ತು."

"ನಮ್ಮಜ್ಜಿ ಬಿಡ್ತಿಲ್ಲ."

"ಬಿಡ್ದೇ ಇರ್ಲಿ. ನಿಮ್ಮಜ್ಜಿ ಬಿಟ್ರೆ ನೀನು ಅಂಗಡಿ ಕಡೆ ತಲೆನೂ ಹಾಕಲ್ಲ."

ಅವಳು ನಕ್ಕಿದ್ಲು. ಎಷ್ಟೋ ದಿನ ಆಗಿತ್ತು ನಕ್ಕು. ಕಬ್ಬಿನ ಹಾಲಿನ ಗಾಡಿ ಹತ್ರ ನಿಂತಾಗ, "ಅಣ್ಣ, ನಂಗೆ ಐಸ್ ಬೇಡ," ಅಂದ್ಲು ಅಭ್ಯಾಸದ ಮೇಲೆ.

"ಯಾಕೆ, ನೀನೇನ್ ಬಾಣಂತಿನಾ?" ಅಂತ ಅವನು ತಮಾಷೆ ಮಾಡ್ದ.

ಅವಳ ಮುಖ ಬಿಳಿಚ್ಕೊಂತು. ಅವನು ಅದನ್ನ ನೋಡ್ದ... ನೋಡಿ ಮರೆಯೋಕಾಗ್ಲಿಲ್ಲ.

ಇವತ್ತಲ್ಲ ನಾಳೆ ಅವನು ಮನಸ್ಸಲ್ಲಿರೋದನ್ನ ಹೇಳ್ತಾನೆ ಅಂತ ಅವಳಿಗೂ ಗೊತ್ತಿತ್ತು. ಹೇಳಿದ್ರೆ ಹೂಂ ಅನ್ಬೇಕು ಅಂತ್ಲೂ ಅಂದ್ಕೊಂಡಿದ್ಲು.

ಅಷ್ಟರಲ್ಲಿ ಒಂದಿನ ಶಿವಕುಮಾರಪ್ಪ ಮಗನ್ನ ಗೋಡೌನಿಗೆ ಕರೆದ್ರು.

"ಲೇ ಮಲ್ಲೇಶ, ಆ ಮತ್ತೋಡು ಹುಡುಗಿಗೆ ಅಕ್ಕ ಇಲ್ಲ ಕಣೋ."

"ಏನಪ್ಪ ಹಂಗಂದ್ರೆ?"

"ಆ ಮನೇಲಿ ಇರೋದು ಸರ್ವಮಂಗಳಜ್ಜಿ, ಇವಳು, ಇಬ್ರೇ. ನೀನ್ ಹುಟ್ಟಿದಾಗ ನಿಮ್ಮಮ್ಮನ ಬಾಣಂತನ ಮಾಡಿದ್ದು ಆಯಮ್ಮನೇ. ಅಂಥ ಮನೇಲಿ ದಿನಾ ಸಾಂಬ್ರಾಣಿ ಹೊಗೆ ಬರ್ತೈತಂತೆ, ಜೋಗುಳ ಕೇಳ್ತೈತಂತೆ. ಮಗು ಅತ್ತಿದ್ದು ಮಾತ್ರ ಯಾರೂ ಕೇಳಿಲ್ಲ. ಹೆತ್ತು ಯಾರಿಗೋ ಕೊಟ್ಟವ್ರೆ ಅಂತ ಊರೆಲ್ಲ ಮಾತು. ಆ ಕಡೆ ಹೋಗ್ಬೇಡ."

ಮಲ್ಲೇಶ್ ನಂಬಲ್ಲ ಅಂದ. ಆದ್ರೆ ಕಿವೀಲಿದ್ದ ಹತ್ತಿ, ಬೇಡ ಅಂದ ಐಸು... ಒಂದೊಂದೇ ನೆನಪಾಯ್ತು.

ಸಂಜೆ ಬಸ್ ಸ್ಟ್ಯಾಂಡಲ್ಲಿ ಕೇಳೇಬಿಟ್ಟ. "ಮಗು ಎಲ್ಲೈತೆ ಶಿವಗಂಗಾ?"

"ಯಾವ ಮಗು?"

"ನಿಂಗೆ ಅಕ್ಕ ಇಲ್ಲ. ಹಂಗಾದ್ರೆ... ನಿನ್ ಮಗು."

ಅವಳು ಅವನನ್ನೇ ನೋಡಿದ್ಲು. ನಮ್ಮಜ್ಜಿಗೆ ತಲೆ ಸರಿ ಇಲ್ಲ ಅಂತ ಒಂದು ಮಾತು ಹೇಳಿದ್ರೆ ಮುಗ್ದೋಗ್ತಿತ್ತು. ಆಮೇಲೆ? ಅಜ್ಜಿ ಕೈ ಊಟ ಉಂಡು ಎದ್ದ ಜನವೇ ಕಿಟಕೀಲಿ ಬಗ್ಗಿ ನೋಡಿ, ಹುಚ್ಚಿ ಅಂತ ನಗ್ತಾರೆ. ನನ್ನನ್ನ ಏನಾದ್ರೂ ಅನ್ಲಿ... ಅಜ್ಜೀನ ಬೇಡ.

"ಮಗು ತೊಟ್ಲಲ್ಲೈತೆ," ಅಂದ್ಲು. ಬಸ್ ಹತ್ತಿದ್ಲು. ಕಿಟಕಿ ಕಡೆ ತಿರುಗ್ಲೇ ಇಲ್ಲ.

*

ಊರ ಬಾಯಿ ಮುಚ್ಲಿ ಅಂತ ಮಾರನೇ ದಿನದಿಂದ ಶಿವಗಂಗಾ ಖಾರ ಕುಟ್ಟೋದು ನಿಲ್ಸಿದ್ಲು. ಸಾಂಬ್ರಾಣಿ ಹಾಕ್ಲಿಲ್ಲ. ಎಲ್ಲರ ಮನೇಲಿ ಮಾಡೋ ಹಂಗೆ ಮುದ್ದೆ, ಸೊಪ್ಪಿನ ಸಾರು ಮಾಡಿ ಅಜ್ಜಿ ಮುಂದಿಟ್ಲು.

"ಬಾಣಂತಿಗೆ ಮುದ್ದೆ ಇಕ್ಕಿ ಸಾಯಿಸ್ಲೇನೇ ನಾನು? ಖಾರ ಎಲ್ಲಿ?"

"ಖಾಲಿ ಆಗೈತೆ. ಇದನ್ನೇ ಉಣ್ಣಜ್ಜಿ."

"ನೀನ್ ಸಾರು ಅನ್ನ ಉಣ್ಣದೆ ನಾನ್ ಹೆಂಗ್ ಉಣ್ಲಿ?"

ಅಜ್ಜಿ ತಟ್ಟೆ ಮುಟ್ಲಿಲ್ಲ. ಸಂಜೇನೂ ಮುಟ್ಲಿಲ್ಲ, ಮಾರನೇ ದಿನಾನೂ ಅಷ್ಟೇ. ಹಾಲು ಕೊಟ್ರೆ ಬಾಣಂತಿಗೆ ಇರ್ಲಿ ಅಂತ ಪಕ್ಕಕ್ಕಿಟ್ರು. ಆಮೇಲೆ ಖಾಲಿ ಖಾರದ ಡಬ್ಬಿ ಹುಡುಕ್ತಾ ಒಲೆ ಹತ್ರ ಕುಸಿದ್ರು. ಡಾಕ್ಟ್ರು ಬಂದು ಗ್ಲೂಕೋಸ್ ಹಾಕಿ, "ತುಂಬಾ ಸೋತೋಗವ್ರೆ. ಊಟ ಒಳಗೆ ಹೋಗ್ಲಿಲ್ಲ ಅಂದ್ರೆ ಉಳಿಯಲ್ಲಮ್ಮ," ಅಂದ್ರು.

ಶಿವಗಂಗಾ ಚಪ್ಪಲಿ ಮೆಟ್ಕೊಂಡ್ಲು. ಹತ್ರ ಇರೋದು ಹೊಸದುರ್ಗ, ಗೊತ್ತಿರೋದು ಅದೊಂದೇ ಅಂಗಡಿ. ಮಾನ ಹೋದ್ರೆ ಹೋಗ್ಲಿ ಅಂದ್ಕೊಂಡ್ಲು.

ಗಲ್ಲಾದಲ್ಲಿ ಶಿವಕುಮಾರಪ್ಪ ಇದ್ರು. ಮಲ್ಲೇಶ್ ಒಳಗೆ ಮೂಟೆ ಜೋಡಿಸ್ತಿದ್ದ.

"ಬಾಣಂತಿ ಸಾಮಾನು ಕೊಡ್ರಿ."

"ಯಾರಿಗಮ್ಮ?"

ಜನ ತಿರುಗಿ ನೋಡಿದ್ರು. ಅವಳು ತಲೆ ತಗ್ಗಿಸ್ಲಿಲ್ಲ. "ನಂಗೇ ಅಂದ್ಕಳ್ರಿ. ಬೇಗ ಕೊಡ್ರಿ."

"ಸ್ಟಾಕ್ ಇಲ್ಲ," ಅಂದ್ರು ಅವರು. ಹಿಂದೆ ಶುಂಠಿ ಮೂಟೆ ಬಾಯಿ ತೆರ್ಕೊಂಡೇ ಇತ್ತು.

ಅವಳು ಜಗಳ ಆಡ್ಲಿಲ್ಲ. ಸುಮ್ನೆ ತಿರುಗಿ ನಡೆದ್ಲು.

ಮಲ್ಲೇಶ್ ಅಪ್ಪನ ಮುಖ ನೋಡ್ದ. ಆಮೇಲೆ ಅದೇ ಮೂಟೆಯಿಂದ ಶುಂಠಿ ಬಾಚ್ದ, ಮೆಣಸು, ಹಿಪ್ಪಲಿ, ಅಂಟು, ಎಲ್ಲಾ ಕಟ್ದ. "ಲೇ, ಎಲ್ಲಿಗೋ?" ಅಂದಿದ್ದಕ್ಕೆ ಉತ್ತರ ಕೊಡ್ದೆ ಬೈಕ್ ಹತ್ತಿದ.

*

ಬಸ್ಸಿಗಿಂತ ಮುಂಚೆ ಬೈಕ್ ಮತ್ತೋಡು ಮುಟ್ತು. ಬಾಗಿಲು ಸುಮ್ನೆ ಮುಂದಕ್ಕೆ ಹಾಕಿತ್ತು. ತಳ್ಳಿ ನೋಡಿದ್ರೆ ಮಂಚದ ಮೇಲೆ ಒಣಗಿ ಕಡ್ಡಿಯಾದ ಅಜ್ಜಿ, ಕೈಲಿ ತೊಟ್ಲಿನ ಹಗ್ಗ.

ಅಜ್ಜಿ ಕಣ್ಣು ಬಿಟ್ಟು ಅವನನ್ನೇ ನೋಡಿದ್ರು.

"ಈಗ ಬಂದ್ಯೇನಪ್ಪ?"

ಅವನಿಗೆ ಅರ್ಥ ಆಗ್ಲಿಲ್ಲ.

"ಹೆಂಡ್ತಿ ಬದುಕವ್ಳಾ ಸತ್ಲಾ ಅಂತ ನೋಡೋಕೂ ಬರ್ಲಿಲ್ವಲ್ಲ. ಹೆಣ್ಣು ಅಂತಾನಾ? ನನ್ ಮಗಳು ಯಶೋಧಾ ದಿನಾ ಬಾಗಿಲು ನೋಡ್ತವ್ಳೆ."

ಯಶೋಧಾ... ಶಿವಗಂಗಾನ ಹೆತ್ತು ಸತ್ತ ಅಮ್ಮ. ಶಿವಗಂಗಾನೇ ಒಮ್ಮೆ ಹೇಳಿದ್ಲು.

ಅವನು ತೊಟ್ಲೊಳಗೆ ಬಗ್ಗಿ ನೋಡ್ದ. ಮಡಚಿ ಸುತ್ತಿದ ಒಂದು ಹಳೇ ಸೀರೆ. ದೃಷ್ಟಿ ಆಗ್ದಿರ್ಲಿ ಅಂತ ಆ ಬಟ್ಟೆಗೆ ಒಂದು ಕಪ್ಪು ಬೊಟ್ಟು ಇಟ್ಟಿತ್ತು.

ಮಗು ತೊಟ್ಲಲ್ಲೈತೆ ಅಂದಿದ್ಲು ಶಿವಗಂಗಾ. ಅವಳು ಸುಳ್ಳು ಹೇಳಿರ್ಲಿಲ್ಲ.

ಅವನು ಎರಡೂ ಕೈ ಹಾಕಿ ಆ ಬಟ್ಟೆ ಗಂಟು ಎತ್ಕೊಂಡ. ತಲೆ ಕೆಳಗೆ ಅಂಗೈ ಕೊಡೋ ಹಂಗೆ, ಜೋಪಾನವಾಗಿ.

"ತಪ್ಪಾಯ್ತು ಅತ್ತೆ."

"ಯಾರ ಹೋಲಿಕೆ ಐತೆ ನೋಡು."

"ಅವರಮ್ಮಂದೇ."

ಬಾಗಿಲಲ್ಲಿ ಆಗಷ್ಟೇ ಬಸ್ ಇಳ್ದು ಬಂದ ಶಿವಗಂಗಾ ನಿಂತಿದ್ಲು. ಅವನು ತಂದ ಪೊಟ್ಟಣ ತಗೊಂಡು ಅಡಿಗೆಮನೆಗೆ ಹೋದ್ಲು. ಮೆಣಸು ಚಟಪಟ ಅಂತು. ಅವಳು ತಲೆಗೆ ಬಟ್ಟೆ ಕಟ್ಕೊಂಡು ಉಂಡ್ಲು. ಆಮೇಲೆ ಅಜ್ಜಿ ಬಾಯಿಗೆ ತುತ್ತು ಇಟ್ಲು. ಅಜ್ಜಿ ಉಂಡ್ರು.

"ಕರ್ಕಂಡ್ ಹೋಗ್ತೀಯೇನಪ್ಪ ಇವಳನ್ನ? ಇಲ್ಲಾ ಬಿಟ್ಟೇ ಹೋಗ್ತೀಯಾ?"

"ಅವಳು ಬರ್ತೀನಿ ಅಂದ್ರೆ ಕರ್ಕೊಂಡು ಹೋಗ್ತೀನಿ. ಬಿಟ್ಟಂತೂ ಹೋಗಲ್ಲ."

"ಹಂಗಾದ್ರೆ ನನ್ ಕೆಲ್ಸ ಮುಗೀತು," ಅಂದು ಅಜ್ಜಿ ಕಣ್ಮುಚ್ಚಿ ಮಲಗಿದ್ರು.

ಅಂಗಳದಲ್ಲಿ ಅವನು ಕೈ ಮುಗಿದ. "ಕ್ಷಮಿಸು ಅನ್ನೋಕೂ ಮುಖ ಇಲ್ಲ ನಂಗೆ."

"ಅಜ್ಜಿಗೋಸ್ಕರ ನೀನ್ ಬಂದೆ, ಅದನ್ನ ಮರೆಯಲ್ಲ," ಅಂದ್ಲು ಶಿವಗಂಗಾ. "ಬಸ್ ಸ್ಟ್ಯಾಂಡಲ್ಲಿ ಕೇಳಿದ್ದನ್ನೂ ಮರೆಯೋಕಾಗ್ತಿಲ್ಲ. ಈಗ ಹೋಗು."

*

ಆ ವಾರ ಕಳಿಯೋದ್ರೊಳಗೆ ಅಜ್ಜಿ ಹೋದ್ರು. ಬೆಳಗ್ಗೆ ಎಬ್ಬಿಸೋಕೆ ಹೋದ್ರೆ ತೊಟ್ಲಿನ ಹಗ್ಗ ಕೈಲೇ ಇತ್ತು, ಕೈ ತಣ್ಣಗಾಗಿತ್ತು.

ಊರೆಲ್ಲ ಬಂತು. ತೊಟ್ಲಲ್ಲಿದ್ದ ಸೀರೆ, ಅದರ ಮೇಲಿನ ಬೊಟ್ಟು ಎಲ್ಲರೂ ನೋಡಿದ್ರು. ಮಾತಾಡಿದ್ದ ಬಾಯಿಗಳು ಮುಚ್ಕೊಂಡು, ಅಜ್ಜೀನ ಮಣ್ಣು ಮಾಡಿ ಬಂದ್ವು. ಹುಚ್ಚಿ ಅಂತ ಯಾರೂ ಅನ್ಲಿಲ್ಲ.

ಸಾವಿನ ಮನೇಲಿ ಒಲೆ ಹಚ್ಚಲ್ಲ. ಅಕ್ಕಪಕ್ಕದೋರು ಅನ್ನ ತಂದು, "ಒಂದ್ ತುತ್ತು ಉಣ್ಣವ್ವಾ," ಅಂದ್ರು. ಶಿವಗಂಗಾ ತಲೆ ಬಟ್ಟೇನೂ ಬಿಚ್ಚದೆ ತೊಟ್ಲಿಗೆ ಒರಗಿ ಕೂತೋಳು ಅಲ್ಲಾಡ್ಲಿಲ್ಲ. ಇಷ್ಟು ದಿನ ಅಜ್ಜಿ ಉಣ್ಲಿ ಅಂತ ಉಂಡಿದ್ಲು. ಇನ್ನು ಯಾರಿಗೋಸ್ಕರ?

ಮಾರನೇ ದಿನ ಮಧ್ಯಾಹ್ನ ಮಲ್ಲೇಶ್ ಬಂದ. ಕೈಲಿ ಟಿಫನ್ ಕ್ಯಾರಿಯರ್. ಶಿವಕುಮಾರಪ್ಪ ಒಳಗೆ ಬರೋಕೆ ಧೈರ್ಯ ಇಲ್ದೆ ಅಂಗಳದಲ್ಲೇ ತಲೆ ತಗ್ಗಿಸಿ ನಿಂತ್ರು.

ಮಲ್ಲೇಶ್ ಅವಳೆದುರು ನೆಲದ ಮೇಲೆ ಕೂತು, ಬಿಸಿ ಅನ್ನಕ್ಕೆ ಸಾರು ಕಲ್ಸಿ ತಟ್ಟೆ ಸರಿಸಿದ. ಬೇಡ ಅನ್ನೋಕೆ ಬಾಯಿ ತೆಗ್ದ ಶಿವಗಂಗಾ ತಟ್ಟೆ ಕಡೆ ಬಗ್ಗಿದ್ಲು. ಆ ವಾಸನೆ...

ಒಂದು ತುತ್ತು ಬಾಯಿಗಿಟ್ಲು. ತರಿ ತರಿ ಮೆಣಸು, ಕೆಂಪಗಾದ ಬೆಳ್ಳುಳ್ಳಿ.

"ಇದು... ಯಾರು ಮಾಡಿದ್ದು?"

"ನಮ್ಮಮ್ಮ. ನಾನ್ ಹುಟ್ಟಿದಾಗ ನಿಮ್ಮಜ್ಜಿ ಪಕ್ಕದಲ್ಲೇ ಕೂರಿಸ್ಕೊಂಡು ಕಲ್ಸಿದ್ರಂತೆ. ನಾಳೆ ನಿನ್ ಸೊಸೆಗೆ ಬೇಕಾಗತ್ತೆ ಅಂತ."

ಅಜ್ಜಿ ಹೋದ್ಮೇಲೆ ಮೊದಲ ಸಲ ಶಿವಗಂಗಾ ಜೋರಾಗಿ ಅತ್ಲು. ಅಳ್ತಾ ಅಳ್ತಾನೇ ಉಂಡ್ಲು. ಅವನು ತಡೀಲಿಲ್ಲ, ಅನ್ನ ಖಾಲಿ ಆದಂಗೆ ಇನ್ನಷ್ಟು ಇಕ್ಕಿದ.

"ಸಾವಿನ ಮನೆಗೆ ಬೀಗರು ಊಟ ತರ್ಬೇಕಲ್ವಾ," ಅಂದ ನೆಲ ನೋಡ್ಕೊಂಡು. "ಬೀಗರ ಮನೆ ಊಟ ಅಂತ ಹೇಳೇ ಕೊಡು ಅಂದ್ಲು ಅಮ್ಮ. ಹುಡುಗೀನ ನಾನಿನ್ನೂ ಕೇಳೇ ಇಲ್ಲ ಅಂದೆ. ಮಗು ಯಾರ್ದು ಅಂತ ಕೇಳೋಕೆ ಬಾಯಿತ್ತು, ಇದನ್ನ ಕೇಳೋಕೆ ಇಲ್ವಾ ಅಂತ ಬೈದ್ಲು."

"ಸರಿಯಾಗೇ ಬೈದವ್ರೆ."

"ಹೂಂ."

ಶಿವಗಂಗಾ ಕ್ಯಾರಿಯರಿನ ಒಂದೊಂದೇ ಡಬ್ಬಿ ಬಗ್ಗಿಸಿ ನೋಡಿದ್ಲು. ಒಂದು ಅಗುಳೂ ಉಳಿದಿರ್ಲಿಲ್ಲ. ಒಂದರ ಮೇಲೊಂದು ಜೋಡಿಸಿ, ಕೊಂಡಿ ಹಾಕಿ, ಅವನ ಕೈಗೆ ಕೊಟ್ಲು.

"ಖಾಲಿ ಐತೆ, ನೋಡ್ಕೋ."

"ನೋಡ್ದೆ."

"ನಾಳೇನೂ ತರ್ತೀಯಾ?"

"ನೀನ್ ಉಣ್ತೀನಿ ಅಂದ್ರೆ ದಿನಾ ತರ್ತೀನಿ."

"ಉಣ್ತೀನಿ," ಅಂದ್ಲು ಶಿವಗಂಗಾ. ಆಮೇಲೆ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಮಡಚಿ, ತೊಟ್ಲಲ್ಲಿದ್ದ ಸೀರೆ ಪಕ್ಕ ಮಲಗಿಸಿದ್ಲು. "ನಿಮ್ಮಪ್ಪಂಗೆ ಒಳಗ್ ಬಂದು ಕುಂತ್ಕಳೋಕೆ ಹೇಳು. ಬಿಸ್ಲಲ್ಲಿ ನಿಂತವ್ರೆ."