ಒಲೆಗೂಡಿನ ಸಾಬೂನು

"ಒಲೆ ಆರೋಕೆ ಬಿಡಬೇಡ. ಆ ಗೂಡಿನ ಬಾಗಿಲಿಗೆ ಕೈ ಹಚ್ಚಬೇಡ. ಎರಡೇ ಮಾತು ಸೊಸೆ, ನೆನಪಿಟ್ಕೋ," ಎಂದು ನಜ್ಮಿಯೆ ಹಾಲಾ ಗದ್ದದ ಕೆಳಗೆ ತಲೆವಸ್ತ್ರ ಬಿಗಿದುಕೊಂಡಳು.

ಗುನ್ಸೆಲಿಗೆ ನಗು ತಡೆಯಲಾಗಲಿಲ್ಲ. "ಗೂಡೊಳಗೆ ಏನಿದೆ ಹಾಲಾ? ಜಿನ್ ಸಾಕಿದೀರಾ?"

ಮುದುಕಿ ನಗಲಿಲ್ಲ. ಹೊಸ್ತಿಲಲ್ಲಿ ನಿಂತು ಒಮ್ಮೆ ಒಲೆಯನ್ನು, ಒಮ್ಮೆ ಅಟ್ಟದ ಮೆಟ್ಟಿಲನ್ನು ನೋಡಿದಳು. ಮೇಲೆ ಗುನ್ಸೆಲಿಯ ಗಂಡ ರಿಫ್ಕಿ ಮಲಗಿದ್ದ. "ಸತ್ತವರ ಮನೇಲಿ ನಲವತ್ತನೇ ದಿನದ ಪ್ರಾರ್ಥನೆ. ಬರಲ್ಲ ಅನ್ನೋಕಾಗಲ್ಲ. ಬೇಗ ಬರ್ತೀನಿ," ಎಂದವಳೇ ಕೋಟೆಗೋಡೆಯ ಬದಿಯ ಇಳಿಜಾರಿನಲ್ಲಿ ಬಂದರಿನ ಕಡೆ ನಡೆದಳು.

ಹಾಲಾ ಎಂದರೆ ಸೋದರತ್ತೆ; ಇವಳು ರಿಫ್ಕಿಯ ತಂದೆಯ ಒಡಹುಟ್ಟಿದವಳು. ತಾಯಿಯಿಲ್ಲದ ಹುಡುಗನನ್ನು ಹನ್ನೆರಡು ವರ್ಷದವರೆಗೆ ಸಾಕಿ, ಆಮೇಲೆ ಓದಲೆಂದು ಅಂಕಾರಾಕ್ಕೆ ಕಳಿಸಿದವಳು. ಆದರೆ ಅವನ ಮದುವೆಗೆ ಬಂದಿರಲಿಲ್ಲ. ಮನೆ ಬಿಟ್ಟು ಒಂದು ರಾತ್ರಿಯೂ ಇರಲಾರೆ ಎಂದು ಹೇಳಿ ಕಳಿಸಿದ್ದಳು. ಆ ಮಾತು ಗುನ್ಸೆಲಿಯ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು. ಅಂಕಾರಾದಲ್ಲಿ ರಸಾಯನಶಾಸ್ತ್ರ ಕಲಿಸುವ ಸೊಸೆ ಮುದುಕಿಗೆ ಹಿಡಿಸಿಲ್ಲವೆಂದೇ ಅವಳು ತಿಳಿದಿದ್ದಳು.

ಹಾಲಾಳ ಊರಾದ ಕುಮ್ಲಿಮಾನಿಗೆ ಗಂಡಹೆಂಡಿರು ಬಂದು ಒಂಬತ್ತು ದಿನವಾಗಿತ್ತು. ಮೂರನೆಯ ದಿನ ತೆಂಕಣ ಗಾಳಿ ಎದ್ದಿತು. ಅಂದೇ ರಿಫ್ಕಿ ಹಾಸಿಗೆ ಹಿಡಿದ. ಗಾಳಿ ಸಮುದ್ರವನ್ನೇ ಹೊತ್ತು ತಂದಂತಿತ್ತು. ಉಪ್ಪು ಡಬ್ಬಿಯೊಳಗೆ ನೀರಾಯಿತು. ರೊಟ್ಟಿಗೆ ಬೂಷ್ಟು ಹಿಡಿಯಿತು. ಕಲ್ಲಿನ ಗೋಡೆಗಳು ಬೆವರಿದವು. ಊಟ ಸೇರದೆ ರಿಫ್ಕಿಯ ಕೆನ್ನೆ ಒಳಗೆ ಹೋಯಿತು. ನೋಡಿದ ಡಾಕ್ಟರು, ಗಾಳಿ ತಿರುಗಿದರೆ ಸರಿಹೋಗುತ್ತದೆ ಎಂದಷ್ಟೇ ಹೇಳಿ ಹೋದರು.

ಜೂನ್ ತಿಂಗಳ ಆ ಸೆಕೆಯಲ್ಲಿ ಹಾಲಾ ಹಗಲೂ ಇರುಳೂ ಒಲೆ ಉರಿಸುತ್ತಿದ್ದಳು. ಬೆಳಿಗ್ಗೆ ಎದ್ದವಳೇ ಒಲೆಯ ಪಕ್ಕದ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಮರದ ಬಾಗಿಲು ಸರಿಸಿ, ಒಳಗೆ ಕೈಯಿಟ್ಟು ಏನೋ ಪಿಸುಗುಟ್ಟುತ್ತಿದ್ದಳು. ಗುನ್ಸೆಲಿ ಎರಡು ಸಲ ಕದ್ದು ನೋಡಿದ್ದಳು. ಎರಡು ಸಲವೂ ಆ ಪಿಸುಮಾತಿನಲ್ಲಿ ಗಂಡನ ಹೆಸರು ಕೇಳಿಸಿತ್ತು.

ಹಾಲಾ ಹೋದ ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ದೋಣಿಯವನು ಹುರ್ಷಿತ್ ಕಾಪ್ತಾನ್ ಬುಟ್ಟಿಯಿಂದ ಒಂದು ಹಿಡಿ ಬಂಗುಡೆ ತೆಗೆದು ಅಂಗಳದಲ್ಲಿಟ್ಟ.

"ತಗೋ ಟೀಚರಮ್ಮ. ಮುಳ್ಳು ಇರುತ್ತೆ ಮತ್ತೆ. ನಿಮ್ಮ ಅಂಕಾರಾದಲ್ಲಿ ಮೀನು ಡಬ್ಬೀಲೇ ಹುಟ್ಟುತ್ತಂತಲ್ಲ?"

"ಹೌದು ಕಾಪ್ತಾನ್, ಮುಚ್ಚಳ ಸಮೇತ ಮೊಟ್ಟೆ ಇಡುತ್ತೆ," ಎಂದಳು ಗುನ್ಸೆಲಿ. ಆಮೇಲೆ ದನಿ ತಗ್ಗಿಸಿದಳು. "ನಮ್ಮ ಹಾಲಾ ಈ ಸೆಕೇಲಿ ಯಾಕೆ ಒಲೆ ಉರಿಸ್ತಾರೆ?"

ಕಾಪ್ತಾನ್ ಚಿಮಣಿಯ ಹೊಗೆ ನೋಡಿದ. "ಮೂವತ್ತು ವರ್ಷದಿಂದ ಕೇಳ್ತಿದೀನಿ. ಬೆಕ್ಕಿಗೆ ಚಳಿ ಅಂತಾಳೆ."

"ಬೆಕ್ಕೆಲ್ಲಿದೆ?"

"ಅದೇ ನೋಡು. ಬೆಕ್ಕೇ ಇಲ್ಲ." ನಗಲು ಹೋದವನು ನಗಲಿಲ್ಲ. "ಅವಳ ಒಲೆ ತಂಟೆಗೆ ಹೋಗಬೇಡ, ತಾಯಿ," ಎಂದು ಬುಟ್ಟಿ ಎತ್ತಿಕೊಂಡು ಹೋದ.

ಗುನ್ಸೆಲಿ ಒಳಗೆ ಬಂದು, ಬಾಗಿಲು ಹಾಕಿಕೊಂಡು, ಗೂಡು ತೆಗೆದಳು.

ಒಳಗೆ ಬೆಚ್ಚನೆಯ ಬೂದಿ. ಬೂದಿಯಲ್ಲಿ ಹೂತಿಟ್ಟ ಉಣ್ಣೆಯ ಗಂಟು. ಗಂಟು ಬಿಚ್ಚಿದರೆ ಆಲಿವ್ ಎಣ್ಣೆಯ ಹಸಿರು ಸಾಬೂನಿನ ಅಚ್ಚು, ಕಲ್ಲಿನಂತೆ ಗಟ್ಟಿಯಾಗಿದ್ದದ್ದು. ಅದರ ಮೈತುಂಬ ತುಕ್ಕು ಹಿಡಿದ ಸೂಜಿಗಳು. ಸೂಜಿಗಳ ನಡುವೆ ಮೊನೆಯಿಂದ ಕೊರೆದ ಹೆಸರು: ರಿಫ್ಕಿ.

ಇಂಥದ್ದನ್ನು ಅವಳೂ ಕೇಳಿ ಬಲ್ಲಳು. ಸಾಬೂನಿಗೆ ಸೂಜಿ ಚುಚ್ಚಿ ನೀರಿಗೆ ಹಾಕುತ್ತಾರೆ. ಅದು ಕರಗಿದಂತೆ ಹೆಸರಿನವನೂ ಕರಗುತ್ತಾನೆ. ಅವಳ ಅಜ್ಜಿ ಸೌತೆಕಾಯಿ ಸುಲಿಯುತ್ತ ಹೇಳಿದ್ದ ಕತೆ. ಹಾಗಾದರೆ ಇದು! ಸಾಕಿದ ಕೈಯೇ ಇದನ್ನು ಮಾಡಿದ್ದು!

ಸಮುದ್ರಕ್ಕೆ ಎಸೆಯೋಣವೆಂದು ಎದ್ದಳು. ಎಸೆದರೆ ನಂಬಿದಂತಾಯಿತು ಎನ್ನಿಸಿ ಕೂತಳು. ಎಣ್ಣೆ ಮತ್ತು ಕ್ಷಾರ, ಅಷ್ಟೇ ತಾನೇ? ರಿಫ್ಕಿ ಬೆವರಿ ಬಿಚ್ಚಿಟ್ಟ ಅಂಗಿ ಅಲ್ಲೇ ಬಿದ್ದಿತ್ತು. ಈ ಸಾಬೂನಿನಿಂದಲೇ ಅದನ್ನು ಒಗೆದು, ಅವನಿಗೇ ತೊಡಿಸಿ, ಮುದುಕಿಯ ಎದುರು ನಿಲ್ಲಿಸಬೇಕು.

ಒಂದೊಂದೇ ಸೂಜಿ ಕಿತ್ತಳು. ನಲವತ್ತು ಇದ್ದವು. ಏನೂ ಆಗಲಿಲ್ಲ. ಮೇಲಿಂದ ರಿಫ್ಕಿಯ ಗೊರಕೆ ಸಣ್ಣಗೆ ಕೇಳುತ್ತಿತ್ತು. "ನೋಡಿದ್ಯಾ," ಎಂದು ಯಾರಿಗೋ ಹೇಳಿ ಅಂಗಳದ ಕಲ್ಲುತೊಟ್ಟಿಗೆ ಹೋದಳು.

ಗಟ್ಟಿ ಸಾಬೂನು ನೀರು ಕಂಡದ್ದೇ ಬೆಣ್ಣೆಯಂತೆ ಮೆತ್ತಗಾಯಿತು. ನೊರೆ ಬಂತು. ಬೆಳ್ಳಗೆ, ದಟ್ಟವಾಗಿ, ಮೊಣಕೈವರೆಗೆ ಬಂತು. ಮೊದಲು ಆಲಿವ್ ಎಣ್ಣೆಯ ವಾಸನೆ. ಅದರಡಿಯಿಂದ ಮೆಲ್ಲಗೆ ಇನ್ನೊಂದು ವಾಸನೆ, ಬೆಳಿಗ್ಗೆ ದಿಂಬಿನಲ್ಲಿ ಉಳಿಯುವ ಗಂಡನ ತಲೆಗೂದಲಿನದು. ಅವಳಿಗೆ ಗುರುತಿದ್ದ ವಾಸನೆ. ಅಂಗಿಗೆ ಹತ್ತಿದ್ದಿರಬೇಕು ಎಂದುಕೊಂಡು ಇನ್ನೂ ಉಜ್ಜಿದಳು.

ಮೇಲೆ ಗೊರಕೆ ನಿಂತಿತು.

"ಗುನ್ಸೆಲಿ…"

"ಬಂದೆ, ಒಂದು ನಿಮಿಷ!"

"ನನ್ನ ಉಂಗುರ ಬಿದ್ದೋಯ್ತು."

ಟಣ್. ಮರದ ಮೆಟ್ಟಿಲ ಮೇಲೆ ಏನೋ ಉರುಳಿತು. ಟಣ್. ಟಣ್. ಹೊಸ್ತಿಲು ದಾಟಿ ಅಂಗಳಕ್ಕೆ ಬಂದು, ಅವಳ ಪಾದದ ಹತ್ತಿರ ಸುತ್ತಿ ಮಲಗಿತು. ಮದುವೆಯ ಉಂಗುರ. ಹೋದ ವಾರ ಅದು ಗೆಣ್ಣು ದಾಟಿ ಬರುತ್ತಿರಲಿಲ್ಲ.

ಸಾಬೂನು ಅವಳ ಕೈಯಿಂದ ಜಾರಿ ತೊಟ್ಟಿಯೊಳಗೆ ಮುಳುಗಿತು. ಅವಳು ಮೆಟ್ಟಿಲು ಹತ್ತಿ ಓಡಿದಳು.

ಹಾಸಿಗೆಯಲ್ಲಿ ರಿಫ್ಕಿ ಎದ್ದು ಕೂತಿದ್ದ. ಕೂತಿದ್ದದ್ದು ರಿಫ್ಕಿಯ ಬಟ್ಟೆ. ಒಳಗೆ ಅವನು ಸ್ವಲ್ಪವೇ ಇದ್ದ. ಕುತ್ತಿಗೆ ಅವಳ ಮಣಿಕಟ್ಟಿನಷ್ಟು. ಹಲ್ಲುಗಳು ಮುಖಕ್ಕಿಂತ ದೊಡ್ಡದಾಗಿ ಕಾಣುತ್ತಿದ್ದವು. ಅವಳು ಭುಜ ಹಿಡಿದಳು. ಭುಜ ನುಣ್ಣಗಿತ್ತು. ಜಾರುತ್ತಿತ್ತು.

"ನೀರಲ್ಲಿದ್ದ ಹಾಗಿದೆ," ಎಂದ ಅವನು. "ಚಳಿ."

ಕೆಳಗೆ ಬಾಗಿಲು ಬಡಿಯಿತು. ಗೂಡಿನ ಮುಂದೆ ಹಾಲಾಳ ಚೀರಾಟ ಎದ್ದಿತು.

"ಎಲ್ಲಿ? ಎಲ್ಲಿಟ್ಟೆ ಅದನ್ನ?"

"ನೀವು ಮಾಡಿದ್ದು! ನೀವೇ—"

"ಎಲ್ಲಿಟ್ಟೆ ಹೇಳೇ!"

"ತೊಟ್ಟೀಲಿ…"

ಹಾಲಾ ಎದೆ ಬಡಿದುಕೊಂಡಳು. "ತೆಗಿಯೇ! ಕರಗ್ತಿದೆ! ಅವನು ಕರಗ್ತಿದಾನೆ!"

ಗುನ್ಸೆಲಿ ಇಳಿದಳೋ ಬಿದ್ದಳೋ ತಿಳಿಯದು. ತೊಟ್ಟಿಗೆ ಭುಜದವರೆಗೆ ಕೈ ಹಾಕಿದಳು. ನೊರೆ. ಬರೀ ನೊರೆ. ಅಂಗಿಯ ತೋಳು. ಕಲ್ಲು. ಮತ್ತೆ ನೊರೆ. ತಳದಲ್ಲಿ ಮೂಲೆಯೊಂದರಲ್ಲಿ ತೆಳ್ಳನೆಯದು ತಾಗಿತು. ಜಾರಿತು. ಉಗುರಿನಿಂದ ಎಬ್ಬಿಸಿದಳು. ಅಂಗೈಗೆ ಬಂತು. ಮೀನಿನ ಹುರುಪೆಯಷ್ಟು ಉಳಿದಿತ್ತು.

ಲಂಗದ ಅಂಚಿನಿಂದ ಅದನ್ನು ಒತ್ತಿ ಒಳಗೆ ತಂದಳು. ಒಲೆ ಯಾವಾಗಲೋ ಆರಿತ್ತು. ಗೂಡಿನ ಬೂದಿ ತೆರೆದ ಬಾಗಿಲ ಗಾಳಿಗೆ ತೇವ ಕುಡಿದು ಮುದ್ದೆಯಾಗಿತ್ತು. ಹಾಲಾ ಒಲೆಯ ಮುಂದೆ ಮೊಣಕಾಲೂರಿ ಊದುತ್ತಿದ್ದಳು.

"ಅವನು ಎಳೆಕೂಸು ಆಗ," ಎಂದಳು ಊದುವ ನಡುವೆ. "ಯಾರೋ ಈ ಸಾಬೂನನ್ನ ನಮ್ಮ ಬಾವಿಗೆ ಹಾಕಿದ್ರು. ನಾನು ಮೇಲಕ್ಕೆತ್ತಿದೆ. ಸುಟ್ಟರೆ ಅವನು ಸುಡ್ತಾನೆ. ಹೂತರೆ ಕೊಳೀತಾನೆ. ಒಣಗಿಸಿ ಇಟ್ಕೋ, ಅವನಿಗಾಗಲಿ ಅವನವರಿಗಾಗಲಿ ಬಾಯಿ ಬಿಡಬೇಡ ಅಂದ್ರು ಬಲ್ಲವರು. ಮೂವತ್ತು ವರ್ಷ ಈ ಒಲೆ ಬಿಟ್ಟು ಎಲ್ಲಿಗೂ ಹೋಗಿಲ್ಲ. ನಿನ್ನ ಮದುವೆಗೂ…" ಹೊಗೆ ಬಂತು. ಉರಿ ಬರಲಿಲ್ಲ. "ಗಾಳಿ ಎದ್ದಾಗಿಂದ ಇದು ಬೆವರ್ತಿತ್ತು. ದಿನಾ ಒರೆಸ್ತಿದ್ದೆ."

"ಹಾಲಾ, ತಗೊಳ್ಳಿ ಇದನ್ನ. ದಮ್ಮಯ್ಯ, ನೀವು ಹಿಡ್ಕೊಳ್ಳಿ."

ಮುದುಕಿ ಎರಡೂ ಕೈ ಬೆನ್ನ ಹಿಂದೆ ಎಳೆದುಕೊಂಡಳು. "ನನ್ನ ಕೈಗೆ ಪನ್ನೀರು ಸುರಿದಿದಾರೆ, ಪ್ರಾರ್ಥನೆ ಮನೇಲಿ. ಇನ್ನೂ ಒದ್ದೆ. ಬಟ್ಟೆಗೆ ಒರೆಸೋಣ ಅಂದ್ರೆ ಈ ಮನೇಲಿ ಒಣಗಿದ ಬಟ್ಟೆ ಎಲ್ಲಿದೆ? ನೀನೇ ಹಿಡ್ಕೋ. ಉರಿ ಹತ್ತೋವರೆಗೂ ಹಿಡ್ಕೋ. ಅಲುಗಬೇಡ. ಹೆದರಬೇಡ."

ಮೇಲೆ ರಿಫ್ಕಿ ಉಸಿರಾಡುತ್ತಿದ್ದ. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಗಾಳಿ ಕಿಟಕಿ ಬಡಿಯುವುದು ಕೇಳಿಸುತ್ತಿತ್ತು. ಗುನ್ಸೆಲಿ ಅಂಗೈ ಚಾಚಿ ಒಲೆಯ ಕಡೆ ಹಿಡಿದಳು. ಹೆದರಬಾರದು. ಸಾಬೂನಿನ ಆ ಚೂರು ಬೆರಳ ಬುಡದಲ್ಲಿ ತಣ್ಣಗೆ ಕೂತಿತ್ತು. ಹೆದರಬಾರದು. ಹಾಲಾ ಊದುತ್ತಿದ್ದಳು. ಸೌದೆ ಹೊಗೆಯಾಡುತ್ತಿತ್ತು.

ಅವಳ ಅಂಗೈ ಬೆವರತೊಡಗಿತು.