ಮಡಚುವ ಫೋನೂ ಹೊನ್ನಾಳಿಯ ರಾಣಿಯೂ

ಒಂದೂರಲ್ಲಿ ಒಬ್ಬಳು ರಾಣಿ ಇದ್ದಳಂತೆ. ಅವಳನ್ನು ಕೇಳಿಕೊಂಡು ಬಂದವರಿಗೆಲ್ಲ ಒಂದೊಂದು ಕೆಲಸ ಹೇಳುತ್ತಿದ್ದಳಂತೆ. ಹುಲಿಯ ಹಾಲು ಕರೆದು ತಾ. ಮರಳಲ್ಲಿ ಹಗ್ಗ ಹೊಸೆದು ತಾ. ತಂದವನಿಗೆ ನಾನು, ತರದವನಿಗೆ ಊರಬಾಗಿಲು.

ನ್ಯಾಮತಿಯಲ್ಲಿ ನಮ್ಮ ಕಲ್ಲಮ್ಮಜ್ಜಿ ಈ ಕಥೆ ಹೇಳುವಾಗ ನನಗೆ ಒಂದೇ ಭಯ. ಕೆಲಸ ಮುಗಿದರೆ ಮದುವೆ, ಮದುವೆಯಾದರೆ ಕಥೆ ಮುಗಿಯಿತು, ದೀಪ ಆರಿಸಿ ಮಲಗಬೇಕು. ಅದಕ್ಕೇ ಅಜ್ಜಿಯ ಸೆರಗು ಹಿಡಿದು, "ಇನ್ನೊಂದು ಕೆಲಸ ಹೇಳಿಸಜ್ಜಿ, ಇನ್ನೊಂದು" ಅನ್ನುತ್ತಿದ್ದೆ. ಮುದುಕಿ ಪಾಪ, ರಾಜಕುಮಾರನನ್ನು ಮತ್ತೆ ಏಳು ಬೆಟ್ಟ ಹತ್ತಿಸುತ್ತಿದ್ದಳು.

ಹಾಗೆ ಬೆಳೆದ ನನಗೆ ಕೊನೆಗೆ ಸಿಕ್ಕ ಅರಮನೆ ಹೊನ್ನಾಳಿ ಬಸ್ ಸ್ಟ್ಯಾಂಡ್ ಎದುರಿನ ಮೊಬೈಲ್ ಅಂಗಡಿ. ಗಾಜಿನ ಕೌಂಟರು, ತಿರುಗುವ ಸ್ಟೂಲು, ತಲೆಯ ಮೇಲೆ ಎಲ್‌ಇಡಿ ಬೆಳಕು. ಅಲ್ಲಿ ಫೋನ್ ಮಾರುವ ನನ್ನ ಹೆಸರೂ ಸಂಧ್ಯಾರಾಣಿ.

ಅವನು ಬಂದದ್ದು ಒಂದು ಸೋಮವಾರ. ಇಸ್ತ್ರಿ ಮಾಡಿದ ಕಂಪನಿ ಟೀ ಶರ್ಟು, ಧೂಳು ಹಿಡಿದ ಚಪ್ಪಲಿ. ಜೇಬಿನಿಂದ ಒಂದು ಫೋನ್ ತೆಗೆದು ನನ್ನೆದುರು ಪುಸ್ತಕದ ಹಾಗೆ ಬಿಚ್ಚಿದ. ಎರಡು ಪುಟದಷ್ಟು ಬೆಳಕು ನನ್ನ ಮುಖಕ್ಕೆ ಬಿತ್ತು.

"ಫೋಲ್ಡ್ ಫೋನ್ ಮೇಡಂ. ಬಿಚ್ಚಿದ್ರೆ ಟ್ಯಾಬ್, ಮಡಚಿದ್ರೆ ಫೋನ್."

"ಮಧ್ಯೆ ಗೆರೆ ಐತಲ್ರೀ."

"ಎದುರಿಂದ ನೋಡಿದ್ರೆ ಕಾಣಲ್ಲ."

"ನಾನು ಓರೆಗಣ್ಣಲ್ಲೇ ನೋಡೋದು."

ಅವನು ನಕ್ಕ. ಎಡಗೆನ್ನೆಯಲ್ಲಿ ಗುಳಿ ಬಿತ್ತು. ಪಕ್ಕದ ಕೌಂಟರಿನ ಸುನಿತಾ ನನ್ನ ಕಾಲನ್ನು ಮೆಲ್ಲಗೆ ತುಳಿದಳು.

ಹೆಸರು ಕೆಂಚೇಶ್. ಜಗಳೂರು ಕಡೆಯ ಬಿಳಿಚೋಡಿನವನು. ನಾಲ್ಕು ತಾಲ್ಲೂಕಿನ ಅಂಗಡಿಗಳಲ್ಲಿ ಆ ಫೋನನ್ನು ಬಿಚ್ಚಿ ಮಡಚಿ ತೋರಿಸುವುದೇ ಅವನ ಉದ್ಯೋಗ. ಸೋಮವಾರ ಹೊನ್ನಾಳಿ, ಮಂಗಳವಾರ ನ್ಯಾಮತಿ, ಬುಧವಾರ ಚನ್ನಗಿರಿ, ಗುರುವಾರ ಜಗಳೂರು.

ಮೂರನೆಯ ಸೋಮವಾರದ ಹೊತ್ತಿಗೆ ಅವನು ಡೆಮೊ ಮುಗಿದರೂ ಹೋಗುತ್ತಿರಲಿಲ್ಲ. ಫೋನನ್ನು ಇಬ್ಬರ ನಡುವೆ ಬಿಚ್ಚಿಡುತ್ತಿದ್ದ. ಒಂದೇ ಪುಸ್ತಕ ಓದುವ ಇಬ್ಬರು ಮಕ್ಕಳಂತೆ ಬಗ್ಗುತ್ತಿದ್ದೆವು. ನನ್ನ ಜುಮುಕಿ ಗಾಜಿಗೆ ತಾಗಿ ಟಿಣ್ ಅಂದರೆ ಅವನ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ನಾನು ಬೇಕೆಂದೇ ಎರಡು ಸಲ ತಾಗಿಸುತ್ತಿದ್ದೆ.

"ರಾಣಿಯವರೇ, ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು" ಅಂದ ಒಂದು ದಿನ, ಸ್ಕ್ರೀನ್ ಒರೆಸುತ್ತ.

ಏನು ಅಂತ ನನಗೆ ಗೊತ್ತಿತ್ತು. ಎದೆಯಲ್ಲಿ ಮಲ್ಲಿಗೆ ಮೊಗ್ಗು ಬಿರಿದ ಹಾಗಾಯಿತು. ಬಾಯಲ್ಲಿ ಮಾತ್ರ ಅಜ್ಜಿಯ ರಾಣಿ ಎದ್ದು ಕೂತಳು.

"ಕೇಳೋಕೆ ಮುಂಚೆ ಒಂದು ಕೆಲಸ ಐತೆ."

"ಏನ್ರೀ?"

"ಈ ಫೋನ್ ಶೋಕಿಗೋ, ಉಪಯೋಗಕ್ಕೋ? ನಾಲ್ಕು ತಾಲ್ಲೂಕು ತಿರುಗ್ತೀರಲ್ಲ. ಮಡಚೋದ್ರಿಂದ ನಿಜವಾಗಿ ಉಪಯೋಗ ಆದ ಒಬ್ಬರನ್ನ ತೋರಿಸ್ರಿ. ಒಬ್ಬರು ಸಾಕು. ಇದು ಉಪಯೋಗದ್ದು ಅಂತ ನಾನೇ ಒಪ್ಪಿ ಹೇಳ್ತೀನಿ. ನೀವು ಕೇಳೋ ಮಾತಿಗೂ ಹೂಂ ಅಂತೀನಿ."

"ಆಣೆ?"

"ಕಲ್ಲಮ್ಮಜ್ಜಿ ಆಣೆ."

ಅಂಗಡಿ ಸಾಹುಕಾರ್ರು ಮಲ್ಲಿಕಾರ್ಜುನಪ್ಪ ಒಳಗಿಂದ ಕೂಗಿದರು: "ಏ ತಾಯಿ, ಮಾರೋಳೇ ಹಿಂಗಂದ್ರೆ ತಗೊಳೋರ್ಯಾರವ್ವ?"

ಮುಂದಿನ ವಾರ ನಲ್ಲೂರಿನ ಅಡಿಕೆ ವ್ಯಾಪಾರಿಯ ವಿಡಿಯೊ ತಂದ. ದೊಡ್ಡ ಸ್ಕ್ರೀನಲ್ಲಿ ಅಡಿಕೆಯ ಫೋಟೊ ಹಿಗ್ಗಿಸಿ ಬಣ್ಣ ನೋಡುತ್ತಿದ್ದಾನೆ.

"ಅಡಿಕೇನ ಕಡಿದು ನೋಡ್ಬೇಕು ಕಣ್ರೀ" ಅಂದೆ. "ನಿಮ್ಮ ವ್ಯಾಪಾರಿ ಸ್ಕ್ರೀನ್ ಕಡೀತಾನಾ?"

ಅದರ ಮುಂದಿನ ವಾರ ಸೊಕ್ಕೆಯ ನಾಟಕದ ಮೇಷ್ಟ್ರು. ಸ್ಕ್ರೀನಿನ ಒಂದು ಮಗ್ಗುಲಲ್ಲಿ ಮಾತು, ಇನ್ನೊಂದು ಮಗ್ಗುಲಲ್ಲಿ ಹಾಡು.

"ನೋಟ್‌ಬುಕ್ಕೂ ಎರಡು ಮಗ್ಗುಲೇ. ಚಾರ್ಜ್ ಹಾಕೋ ತಾಪತ್ರಯನೂ ಇಲ್ಲ."

ಆಮೇಲೆ ನಮ್ಮ ನ್ಯಾಮತಿಯದೇ ಒಬ್ಬ ಹೆಂಗಸು. ಅಡ್ಡಕ್ಕೆ ಮಡಚುವ ಸಣ್ಣ ಫೋನು, ಎಲೆಅಡಿಕೆ ಸಂಚಿಯಲ್ಲಿ ಹಿಡಿಯುತ್ತದಂತೆ.

"ನಮ್ಮಜ್ಜಿ ಸಂಚಿಯಲ್ಲಿ ಸುಣ್ಣ ಐತೆ. ನಿಮ್ಮ ಫೋನ್ ಬೆಂದು ಹೋಗ್ತದೆ."

ಸುನಿತಾ ಹೊಟ್ಟೆ ಹಿಡಿದು ನಗುತ್ತಿದ್ದಳು. ಸಾಹುಕಾರ್ರೂ ಸೋಮವಾರ ಬಂತೆಂದರೆ ಒಳಗಿನ ಕುರ್ಚಿ ಬಿಟ್ಟು ಹೊರಗೆ ಕೂರತೊಡಗಿದರು. ಅವನೂ ನಗುತ್ತಿದ್ದ. ಆದರೆ ಬಾಗಿಲು ದಾಟುವಾಗ ಅವನ ಹೆಗಲು ಚೂರು ಜೋತು ಬೀಳುತ್ತಿತ್ತು. ಅದನ್ನು ನೋಡಿ ನನಗೆ ಖುಷಿಯಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ? ನನ್ನಿಂದ ಒಬ್ಬ ಗಂಡಸಿನ ಹೆಗಲು ಜೋತು ಬೀಳುತ್ತದಲ್ಲ ಅನ್ನುವ ಖುಷಿ.

ಮೇಷ್ಟ್ರಿಗೆ ಅದು ನಿಜಕ್ಕೂ ಅನುಕೂಲವಾಗಿತ್ತು, ನನಗೆ ಗೊತ್ತಿತ್ತು. ಒಪ್ಪಿಬಿಟ್ಟರೆ ಕೆಲಸ ಮುಗಿಯುತ್ತದೆ. ಮುಗಿದರೆ ಈ ಸೋಮವಾರಗಳು, ಈ ಬಗ್ಗಿದ ಹಣೆಗಳು, ನಾಲ್ಕು ತಾಲ್ಲೂಕಿನ ಧೂಳು ಕುಡಿದು ನನಗಾಗಿ ಒಬ್ಬ ತರುವ ಬೆಳಕಿನ ತುಣುಕುಗಳು, ಎಲ್ಲ ಮುಗಿಯುತ್ತವೆ. ಇನ್ನೊಂದು ಕೆಲಸ, ಇನ್ನೊಂದೇ ಒಂದು.

ಏಳನೆಯ ಸೋಮವಾರ ಅವನು ಬೇರೆ ಥರ ಬಂದ. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದ. ಕಂಪನಿ ಟೀ ಶರ್ಟ್ ಬದಲು ಬಿಳಿ ಅಂಗಿ. ಅಂಗಡಿಯಲ್ಲಿ ಹತ್ತು ಹನ್ನೆರಡು ಗಿರಾಕಿಗಳಿದ್ದರು. ಫೋನನ್ನು ಅರ್ಧ ಬಿಚ್ಚಿ ಕೌಂಟರ್ ಮೇಲಿಟ್ಟ. ಯಾವ ಆಸರೆಯೂ ಇಲ್ಲದೆ ತಾನೇ ನಿಂತಿತು. ವಿಡಿಯೊ ಕಾಲ್ ಹಚ್ಚಿದ.

ತೆರೆಯಲ್ಲಿ ಒಬ್ಬ ಹೆಂಗಸು ಕಂಡಳು. ಬಿಸಿಲಿಗೆ ಕಂದಿದ ಮುಖ, ಹಣೆಗೆ ಕಾಸಗಲ ಕುಂಕುಮ. ಅವಳು ಎರಡೂ ಕೈ ಎತ್ತಿ ಗಾಳಿಯಲ್ಲಿ ಏನೋ ಬರೆದಳು. ಅವನೂ ಎರಡೂ ಕೈ ಎತ್ತಿ ಉತ್ತರ ಕೊಟ್ಟ.

"ನಮ್ಮವ್ವ, ಹನುಮಂತಮ್ಮ" ಅಂದ. "ಕಿವಿ ಕೇಳಲ್ಲ, ಮಾತು ಬರಲ್ಲ. ನಮ್ಮನೇಲಿ ಕೈಯಲ್ಲೇ ಮಾತು. ಮುಂಚೆ ಒಂದು ಕೈಯಾಗೆ ಫೋನ್ ಹಿಡೀತಿದ್ಲು, ಅರ್ಧ ಮಾತು ಹೋಗಿಬಿಡೋದು. ಹೋದ ವರ್ಷದ ಡೆಮೊ ಪೀಸ್ ಕಂಪನಿಯೋರು ನನಗೇ ಬಿಟ್ಟರು, ಅದನ್ನ ಅವಳಿಗೆ ಕೊಟ್ಟೆ. ನೆಲದ ಮೇಲೆ ಇಟ್ರೆ ನಿಲ್ತದೆ. ಎರಡೂ ಕೈ ಬಿಡುವು. ನಾನು ಊರು ಬಿಟ್ಟು ತಿರುಗಾಕೆ ಹತ್ತಿ ನಾಲ್ಕು ವರ್ಷ ಆತು. ನಮ್ಮವ್ವ ನನ್ನ ಹತ್ರ ಪೂರ್ತಿ ಮಾತಾಡಿದ್ದು ಈ ವರ್ಷವೇ."

ಸಾಹುಕಾರ್ರು ಕನ್ನಡಕ ತೆಗೆದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಸೋತಿದ್ದೆ. ಅಷ್ಟು ಜನರೆದುರು, ಅಷ್ಟು ಸುಂದರವಾಗಿ ಸೋತಿದ್ದೆ. ಒಂದು ಹೂಂ ಸಾಕಿತ್ತು.

"ಇಷ್ಟೇನಾ?" ಅಂದೆ. "ಇದಕ್ಕೆ ಫೋಲ್ಡ್ ಫೋನ್ ಯಾಕ್ರೀ? ಒಂದು ಚೊಂಬಿಗೆ ಒರಗಿಸಿದ್ರೆ ಮಾಮೂಲಿ ಫೋನೂ ನಿಲ್ತದೆ. ಆಮೇಲೆ ಹಿಂಗೆ..." ಎಂದು ಎರಡೂ ಕೈ ಎತ್ತಿ, ಕಣ್ಣು ಅಗಲಿಸಿ, ಕಾಗೆ ಓಡಿಸುವವಳ ಹಾಗೆ ಪಟಪಟ ಬೀಸಿದೆ.

ಸುನಿತಾ ಕಿಸಕ್ಕನೆ ನಕ್ಕಳು. ಗಿರಾಕಿಗಳಲ್ಲಿ ಇಬ್ಬರು ಮೂವರು ನಕ್ಕರು.

ತೆರೆಯಲ್ಲಿ ಹನುಮಂತಮ್ಮ ನಗಲಿಲ್ಲ. ಅವಳ ಮುಖ ಅರಳಿತು. ನಾನು ಅವಳೊಂದಿಗೆ ಮಾತಾಡುತ್ತಿದ್ದೇನೆ ಎಂದುಕೊಂಡಿದ್ದಳು. ಫೋನಿನ ಹತ್ತಿರ ಬಂದು, ನನ್ನ ಕಣ್ಣಲ್ಲೇ ಕಣ್ಣಿಟ್ಟು, ಎರಡೂ ಕೈಯಿಂದ ನಿಧಾನವಾಗಿ ಏನೋ ಕೇಳಿದಳು. ನನಗೆ ತಿಳಿಯಲಿಲ್ಲವೆಂದು ಮತ್ತೊಮ್ಮೆ ಕೇಳಿದಳು.

ಕೆಂಚೇಶ್ ಅವಳಿಗೆ ಚಿಕ್ಕದಾಗಿ ಏನೋ ಉತ್ತರಿಸಿ ಫೋನ್ ಮಡಚಿದ.

"ಊಟ ಆಯ್ತಾ ಅಂತ ಕೇಳಿದ್ಲು" ಅಂದ. "ಆಗೈತಂತೆ ಅಂದೆ."

ಅಷ್ಟೇ. ಬೈಯಲಿಲ್ಲ. ಬಾಗಿಲು ದಾಟುವಾಗ ಅವನ ಹೆಗಲು ನೆಟ್ಟಗೇ ಇತ್ತು. ಅದು ಜೋತುಬಿದ್ದಿದ್ದರೆ ನಾನು ಆ ರಾತ್ರಿ ಮಲಗುತ್ತಿದ್ದೆನೇನೋ.

ಮುಂದಿನ ಸೋಮವಾರ ಬೇರೆಯವನು ಬಂದ, ಮಹಾಂತೇಶ್ ಅಂತೆ. "ಕೆಂಚೇಶ್ ಹೊನ್ನಾಳಿ ಬಿಟ್ಟುಕೊಟ್ಟ ಮೇಡಂ. ಸೋಮವಾರನೂ ಚನ್ನಗಿರಿಯಲ್ಲೇ ಇರ್ತಾನೆ." ಅವನು ಫೋನ್ ಬಿಚ್ಚಿದ. ಬೆಳಕು ಬಿತ್ತು. ಬರೀ ಬೆಳಕು. ಕೆಂಚೇಶನಿಗೆ ಕಾಲ್ ಮಾಡಿದೆ, ಎತ್ತಲಿಲ್ಲ. ಮೆಸೇಜಿಗೆ ನೀಲಿ ಗೆರೆ ಬಿದ್ದವು, ಉತ್ತರ ಬರಲಿಲ್ಲ.

ಮೂರು ವಾರ ತಡೆದೆ. ನಾಲ್ಕನೆಯ ಸೋಮವಾರ ರಜೆ ಹಾಕಿ, ದಾವಣಗೆರೆಯಲ್ಲಿ ಬಸ್ ಬದಲಿಸಿ ಬಿಳಿಚೋಡಲ್ಲಿ ಇಳಿದೆ. ಅಂಗಡಿಯ ಕಟ್ಟೆಯಲ್ಲಿ ಕೂತಿದ್ದ ಮುದುಕ ಕೈ ತೋರಿಸಿದ: "ಹನುಮಂತಮ್ಮನಾ? ಕುರಿ ಹೊಡ್ಕಂಡು ಆ ಬಯಲಾಗೆ ಹೋಗ್ಯಾಳೆ. ಕೂಗಬ್ಯಾಡ್ರಿ, ಕೇಳಂಗಿಲ್ಲ. ಎದುರಿಗೆ ಹೋಗಿ ನಿಂತ್ಕಳ್ರಿ."

ಎದುರಿಗೆ ಹೋಗಿ ನಿಂತೆ. ಅವಳು ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. ಮರುಕ್ಷಣ ಎರಡೂ ಕೈ ಎತ್ತಿ, ಕಣ್ಣು ಅಗಲಿಸಿ ಪಟಪಟ ಬೀಸಿದಳು. ನಾನು ಅಂಗಡಿಯಲ್ಲಿ ಮಾಡಿದ್ದು ಅದೇ. ಅವಳ ಕೈಮಾತಿನಲ್ಲಿ ಅದೇ ನನ್ನ ಹೆಸರಾಗಿತ್ತು.

ನನ್ನ ಕೈ ಹಿಡಿದು ಬೇವಿನ ನೆರಳಿಗೆ ಕೂರಿಸಿದಳು. ಬುತ್ತಿಯ ರೊಟ್ಟಿ ಮುರಿದು ದೊಡ್ಡ ತುಂಡು ನನಗೆ ಕೊಟ್ಟಳು. ಕುರಿಗೆ ಏನು, ಮಳೆಗೆ ಏನು, ಫೋನಿಗೆ ಏನು ಎಂದು ಒಂದೊಂದೇ ಮಾಡಿ ತೋರಿಸಿದಳು. ಜೋಡಿಸಿದ ಅಂಗೈ ಬಿಚ್ಚಿದರೆ ಫೋನು. ಎದೆ ಮುಟ್ಟಿ ಕೈ ಮುಂದೆ ಚಾಚಿದರೆ ಚೆನ್ನಾಗೈತೆ.

ಒಂದು ಗಂಟೆಗೆ, ಮಗನ ಕಾಲ್ ಬರುವ ಹೊತ್ತಿಗೆ, ಸೊಂಟದ ಚೀಲದಿಂದ ಫೋನ್ ತೆಗೆದಳು. ಮಧ್ಯದ ಗೆರೆ ಗಾಯದಷ್ಟು ಆಳವಾಗಿತ್ತು. ಕೀಲಿಗೆ ಮಣ್ಣು ಹೊಕ್ಕು ಬಿಚ್ಚುವಾಗ ಕರಕರ ಅಂದಿತು. ಬಹಳ ದಿನ ಬಾಳುವ ವಸ್ತುವಲ್ಲ, ನಮ್ಮ ಅಂಗಡಿಗೆ ಬಂದಿದ್ದರೆ ನಾನೇ ಹೇಳುತ್ತಿದ್ದೆ. ಅರ್ಧ ಬಿಚ್ಚಿ ನೆಲದ ಮೇಲಿಟ್ಟಳು. ನಿಂತಿತು.

ಆಗಲೂ ನನ್ನ ಬುದ್ಧಿ ನೋಡಿ. ಮೆಲ್ಲಗೆ ನನ್ನ ಫೋನನ್ನೂ ತೆಗೆದು ಒಂದು ಕಲ್ಲಿಗೆ ಒರಗಿಸಿದೆ. ಅದೂ ನಿಂತಿತು. ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಕುರಿಗಳು ಸರಿದವು. ಅವಳು ಟಪ್ಪನೆ ಫೋನ್ ಮಡಚಿ, ಚೀಲಕ್ಕೆ ಹಾಕಿ, ಕೋಲು ಹಿಡಿದು ಓಡಿದಳು. ಬಟಾಬಯಲ ಮಧ್ಯೆ ಮತ್ತೆ ಬಿಚ್ಚಿಟ್ಟು ಕೂತಳು. ಅಲ್ಲಿ ಕಲ್ಲಿರಲಿಲ್ಲ. ಚೊಂಬಂತೂ ಇರಲಿಲ್ಲ. ನನ್ನ ಫೋನು ಕೈಯಲ್ಲೇ ಉಳಿಯಿತು.

ತೆರೆಯಲ್ಲಿ ಅವನು ಬಂದ. ಅವ್ವನ ಪಕ್ಕದಲ್ಲಿ ನನ್ನನ್ನು ಕಂಡು, ಎತ್ತಿದ ಕೈ ಇಳಿಸಿದ.

"ಏನ್ರೀ ಸಂಧ್ಯಾರಾಣಿಯವರೇ. ಇಷ್ಟು ದೂರ?"

"ಸೋತೆ ಕಣ್ರೀ. ಇದು ಉಪಯೋಗದ್ದೇ. ನಿಮ್ಮ ಕೆಲಸ ಆಯ್ತು. ಅವತ್ತು ಮಾಡಿದ್ದು ತಪ್ಪು. ನನ್ನ ಉತ್ತರ ಹೂಂ."

"ಯಾವುದಕ್ಕೆ?"

"ನೀವು ಕೇಳಬೇಕು ಅಂತಿದ್ರಲ್ಲ, ಅದಕ್ಕೆ."

"ಅವತ್ತು ಕೇಳಾಕೇ ಬಂದಿದ್ದೆ" ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟ. "ಬಿಳಿ ಅಂಗಿ ಹಾಕ್ಕಂಡು. ಅವ್ವಂಗೆ ಹುಡುಗಿ ತೋರಿಸ್ತೀನಿ ಅಂತ ಹೇಳಿದ್ದೆ. ಅವಳು ಬೆಳಿಗ್ಗೆನೇ ತಲೆಗೆ ಎರಕಂಡು ಕೂತಿದ್ಲು."

"ಈಗ ಕೇಳ್ರಿ."

"ಈಗ ಕೇಳಾಕೆ ಮನಸಿಲ್ರೀ. ನೀವು ಮನೆಗೆ ಬಂದ ಮೇಲೆ ನಮ್ಮವ್ವ ಮಾತಾಡೋವಾಗೆಲ್ಲ, ಎಲ್ಲಿ ನಗ್ತೀರೋ ಅಂತ ನಾನು ನಿಮ್ಮ ಮುಖ ನೋಡ್ಬೇಕಾಗ್ತದೆ. ಹಂಗೆ ಬದುಕಾಕೆ ನನ್ನ ಕೈಲಿ ಆಗಲ್ಲ."

"ಅವ್ವಂಗೆ ಗೊತ್ತಾ?"

"ಇಲ್ಲ. ಹುಡುಗಿ ಮೊದಲನೇ ದಿನವೇ ನನ್ನ ಹತ್ರ ಮಾತಾಡಿದ್ಲು ಅಂತ ಊರಿಗೆಲ್ಲ ಹೇಳ್ಕಂಡು ಬಂದಾಳೆ."

ಹನುಮಂತಮ್ಮ ನಮ್ಮಿಬ್ಬರ ತುಟಿಗಳನ್ನೇ ನೋಡುತ್ತಿದ್ದಳು. ನನ್ನ ಕಣ್ಣೀರು ಒರೆಸಿದಳು. ನನ್ನನ್ನು ತೋರಿಸಿ, ತೆರೆಯಲ್ಲಿದ್ದ ಮಗನನ್ನು ತೋರಿಸಿ, ತನ್ನ ಕೊರಳ ಹಿಂದೆ ಎರಡೂ ಕೈಯಿಂದ ಗಂಟು ಹಾಕಿದಂತೆ ಮಾಡಿ ಹುಬ್ಬು ಹಾರಿಸಿದಳು. ಅದನ್ನು ಯಾರೂ ನನಗೆ ತಿಳಿಸಿ ಹೇಳಬೇಕಿರಲಿಲ್ಲ.

"ಅವ್ವ ಕೇಳಾಕೆ ಹತ್ಯಾಳೆ" ಅಂದ ಕೆಂಚೇಶ್. "ನಾನು ಹೇಳಲ್ಲ. ನೀವೇ ಹೇಳ್ರಿ. ಫೋನ್ ನೋಡಾಕೆ ಬಂದಿದ್ದೆ, ಫೋನ್ ಚೆನ್ನಾಗೈತೆ, ಅಷ್ಟೇ ಅಂತ. ಒಪ್ಪಿ ಹೇಳ್ತೀನಿ ಅಂತ ಆಣೆ ಮಾಡಿದ್ರಲ್ಲ. ಕೈಯಾರೆ ಹೇಳ್ರಿ."

ಅವಳ ಎದುರಿಗೆ ಸರಿದು ಮಂಡಿಯೂರಿದೆ. ಕೊರಳ ಗಂಟಿಗೆ, ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಅವಳ ಹುಬ್ಬು ಕೆಳಗಿಳಿಯಿತು. ಜೋಡಿಸಿದ ಅಂಗೈ ಬಿಚ್ಚಿದೆ. ಎದೆ ಮುಟ್ಟಿಕೊಂಡು ಕೈ ಮುಂದೆ ಚಾಚಿದೆ.

ಬೆರಳು ಮಡಚಿಕೊಂಡೇ ಇದ್ದು ಸರಿಯಾಗಿ ಬರಲಿಲ್ಲ. ಅವಳು ನನ್ನ ಎರಡೂ ಕೈ ಹಿಡಿದು, ಒಂದೊಂದೇ ಬೆರಳು ನೆಟ್ಟಗೆ ಮಾಡಿ, ಇನ್ನೊಂದು ಸಲ ಹೇಳು ಎಂಬಂತೆ ಗದ್ದ ಎತ್ತಿದಳು.

ಹೇಳಿದೆ. ಈ ಸಲ ಅವಳಿಗೆ ಪೂರ್ತಿ ತಿಳಿಯಿತು.